ಒದ್ದೆ ಬ್ರಷ್ಷಿನ ಭಾರ

"ಯಾವ ಬ್ರಷ್ ಅಂತ ಆರ್ಸೋಕೂ ಇನ್ಮೇಲೆ ನಿನ್ನ ಅಪ್ಪಣೆ ಬೇಕೇನೇ, ಮುಂಡೆ? ನಿನ್ನ ಗಂಡನೂ ಹಿಂಗೇ ಎಲ್ಲದಕ್ಕೂ ಬಾಯಿ ಹಾಕ್ತಿದ್ದ. ಈಗ ಎಲ್ಲಿದಾನೆ, ಹೇಳು!"

ಯಜಮಾನ ಹೀಗೆಂದದ್ದು ಬೆಳಿಗ್ಗೆ ಆರೂವರೆಗೆ, ಗೋದಾಮಿನ ಬಾಗಿಲಲ್ಲಿ, ಕೆಲಸದವರೆಲ್ಲರ ಎದುರಿಗೆ. ಅತ್ತಿಗೆ ತಲೆ ಎತ್ತಲಿಲ್ಲ. ಅವಳು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಮುಂದೆ ಎರಡು ಬ್ರಷ್ಷುಗಳಿದ್ದವು. ಒಂದು ಗೇಣು ಅಗಲದ್ದು, ಹಳೆಯದು, ತುದಿ ಸೀಳಿದ ಮೆತ್ತನೆಯ ನೈಲಾನ್ ಎಳೆಯದು. ಇನ್ನೊಂದು ಅದರ ಎರಡರಷ್ಟು ಅಗಲದ್ದು, ಹಂದಿಕೂದಲಿನದು, ನಿನ್ನೆ ತಾನೇ ಪೆಟ್ಟಿಗೆಯಿಂದ ಬಂದದ್ದು. ಅವಳು ಹೊಸದನ್ನು ಎತ್ತಿ ಕೆನ್ನೆಗೆ ಒತ್ತಿ ನೋಡಿದಳು. ಕೆನ್ನೆ ಗೀರದ ಬ್ರಷ್ಷು ಗಾಜನ್ನೂ ಗೀರುವುದಿಲ್ಲ ಎಂಬುದು ಅವರ ಲೆಕ್ಕ. ಕೂದಲು ಒಳ್ಳೆಯದೇ ಇತ್ತು. ದೋಷ ಕೂದಲಿನದಲ್ಲ.

"ಬ್ರಷ್ ಚೆನ್ನಾಗೈತೆ ಯಜಮಾನ್ರೆ," ಅಂದಳು. "ಕೆಳಗಿನ ಎರಡು ಮಹಡಿಗೆ ಇದೇ ಇರ್ಲಿ. ಹಕ್ಕಿ ಹಿಕ್ಕೆ ಎಲ್ಲಾ ಕಿತ್ಕೊಂಡು ಬರುತ್ತೆ. ಮೇಲಕ್ಕೆ ಮಾತ್ರ ಸಣ್ಣದು ಕೊಡಿ. ಹಂದಿಕೂದ್ಲು ನೀರು ಕುಡಿಯುತ್ತೆ. ಒದ್ದೆಯಾದ್ರೆ ಆರನೇ ಮಹಡೀಲಿ ಎತ್ತಕ್ಕಾಗಲ್ಲ."

ಯಜಮಾನ ನಕ್ಕ. ಹೊಸ ಬ್ರಷ್ಷನ್ನು ಅವಳ ಕೈಯಿಂದ ಕಿತ್ತುಕೊಂಡು ಕಿರುಬೆರಳಿಗೆ ಸಿಕ್ಕಿಸಿ ತೂಗಾಡಿಸಿದ.

"ನೋಡ್ರೋ! ಕಿರುಬೆರಳಲ್ಲಿ ನಿಲ್ಲುತ್ತೆ, ಇವ್ಳಿಗೆ ಭಾರವಂತೆ!"

"ಒಣಗಿರೋದು ಹಂಗೇ ಸ್ವಾಮಿ," ಎಂದ ನೀರಜ್ಜ. "ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ, ಒಣಗಿದ ಬ್ರಷ್ ಕೈಗೆ ಹಗುರ."

ನೀರಜ್ಜನೆಂದರೆ ನೀರಿನ ಗಾಡಿಯ ಮುದುಕ. ಈ ಕೆಲಸಕ್ಕೆ ನಲ್ಲಿಯ ನೀರು ಆಗುವುದಿಲ್ಲ. ಉಪ್ಪು, ಸುಣ್ಣ ಎಲ್ಲ ಸೋಸಿ ತೆಗೆದ ನೀರು ಬೇಕು. ಅದು ಗಾಜಿನ ಮೇಲೆ ಕಲೆ ಬಿಡದೆ ತಾನಾಗಿ ಒಣಗುತ್ತದೆ, ಬಟ್ಟೆಯಿಂದ ಒರೆಸಬೇಕಾಗಿಲ್ಲ. ಗಾಡಿಯಿಂದ ಹೊರಟ ನೀರು ಉದ್ದನೆಯ ಕೋಲಿನ ಒಳಗೇ ಹತ್ತಿ, ತುದಿಯ ಬ್ರಷ್ಷಿನ ತೂತುಗಳಿಂದ ಚಿಮ್ಮುತ್ತದೆ. ಕೋಲು ಹಿಡಿದವರು ನೆಲದ ಮೇಲೇ ನಿಂತು ಆರು ಮಹಡಿಯ ಗಾಜನ್ನು ಉಜ್ಜಿ ತೊಳೆಯುತ್ತಾರೆ. ಏಣಿ ಇಲ್ಲ, ಹಗ್ಗ ಇಲ್ಲ, ಯಾರೂ ಬಿದ್ದು ಸಾಯುವುದಿಲ್ಲ ಎಂದು ಯಜಮಾನ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ. ಸಾಯುವುದಿಲ್ಲ ನಿಜ. ಹೆಗಲು ಮಾತ್ರ ಹೋಗುತ್ತದೆ.

ಅತ್ತಿಗೆಯ ಗಂಡನ ಬಲಹೆಗಲು ಹೀಗೇ ಹೋಯಿತು. ಕೈ ಎತ್ತಲಾರದವನನ್ನು ಯಜಮಾನ ಅದೇ ವಾರ ಕೆಲಸದಿಂದ ಬಿಡಿಸಿದ. ಕುಂಟು ಕುದುರೆಗೆ ಯಾರು ಮೇವು ಹಾಕುತ್ತಾರೆ? ಅವನು ಅಲೆದೂ ಅಲೆದೂ ಕೊನೆಗೆ, ಏಣಿ ಹತ್ತಿಸಿ ಗಾಜು ಒರೆಸುವ ಒಬ್ಬ ಗುತ್ತಿಗೆದಾರನ ಹತ್ತಿರ ಸೇರಿದ. ಏಣಿಗೆ ಎರಡು ಕೈ ಬೇಕು. ಅವನಲ್ಲಿ ಉಳಿದಿದ್ದದ್ದು ಒಂದು. ಬಿದ್ದವನನ್ನು ಎತ್ತಲು ಹೋದಾಗ ಆ ಒಂದು ಕೈ ಇನ್ನೂ ಬಕೆಟ್ಟಿನ ಹಿಡಿಯನ್ನು ಬಿಟ್ಟಿರಲಿಲ್ಲ. ಅತ್ತಿಗೆಯೇ ಬೆರಳು ಒಂದೊಂದಾಗಿ ಬಿಡಿಸಿದಳು.

ಅದಾದ ಮೇಲೆ ಈ ಯಜಮಾನನ ಹತ್ತಿರ ಅವನ ಜಾಗಕ್ಕೆ ಅವನ ತಮ್ಮ ಬಂದ. ತಮ್ಮನ ಹಿಂದೆ ಅವಳೂ ಬಂದಳು. ಮೈದುನ "ಅತ್ತಿಗೆ, ಅತ್ತಿಗೆ" ಎಂದು ಕರೆದೂ ಕರೆದೂ, ಅವಳ ತಂದೆಯ ವಯಸ್ಸಿನ ನೀರಜ್ಜನಿಗೂ ಅವಳು ಅತ್ತಿಗೆಯೇ ಆದಳು. ಮೈದುನನಿಗೆ ಹೆಂಡತಿ, ಎರಡು ಹೆಣ್ಣುಮಕ್ಕಳು. ಮೂರು ವಾರದಿಂದ ಅವನ ತಲೆಯನ್ನು ಅವನ ಹೆಂಡತಿ ಬಾಚುತ್ತಿದ್ದಳು, ತಲೆಯ ಎತ್ತರಕ್ಕೂ ಅವನ ಬಲಗೈ ಏಳುತ್ತಿರಲಿಲ್ಲ. ಒಂದೇ ಮನೆಯಲ್ಲಿ ಇದ್ದುದರಿಂದ ಅತ್ತಿಗೆಗೆ ಅದು ಗೊತ್ತಿತ್ತು. ಯಜಮಾನನಿಗೆ ಗೊತ್ತಾಗಬಾರದಿತ್ತು. ದೇವರ ಮುಂದೆ ಅವಳು ಈಚೆಗೆ ಕೇಳುತ್ತಿದ್ದದ್ದು ಒಂದೇ: ಆ ಹೆಗಲು ತೆಗೆದುಕೊಂಡೆ, ಈ ಹೆಗಲು ಬಿಟ್ಟುಬಿಡು ತಂದೆ.

ಅವಳು ಎದ್ದು ಹೊಸ ಬ್ರಷ್ಷನ್ನು ಯಜಮಾನನ ಕೈಯಿಂದ ಇಸಿದುಕೊಂಡು ಬಕೆಟ್ಟಿನ ನೀರಿನಲ್ಲಿ ಅದ್ದಿದಳು. ಕೂದಲು ಕುಡಿಯುವಷ್ಟು ಕುಡಿಯಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಎರಡು ಕೈಯಲ್ಲೂ ಎತ್ತಿ ಯಜಮಾನನ ಮುಂದೆ ಹಿಡಿದಳು.

"ಈಗ ಹಿಡಿದು ನೋಡಿ ಯಜಮಾನ್ರೆ. ಒಂದೇ ಸಲ."

ಅವನು ಹಿಡಿಯಲಿಲ್ಲ. ಬ್ರಷ್ಷಿನಿಂದ ನೀರು ಇಳಿದು ಅವನ ಬೂಟಿನ ಮೇಲೆ ಬಿತ್ತು. ಅವನು ಬೂಟು ನೋಡಿದ, ಅವಳ ಮುಖ ನೋಡಿದ, ಮೈದುನನ ಮುಖವನ್ನೂ ನೋಡಿದ.

"ಒರ್ಸು."

ಅತ್ತಿಗೆ ಬ್ರಷ್ಷನ್ನು ಬಕೆಟ್ಟಿಗೆ ಇಳಿಸಿದಳು.

"ಕಿವಿ ಕೇಳಲ್ವಾ? ಒರ್ಸು ಅಂದೆ."

ಅತ್ತಿಗೆ ಸೊಂಟದಲ್ಲಿದ್ದ ಬಟ್ಟೆ ತೆಗೆದು ಬಗ್ಗಿದಳು. ಒಂದು ಬೂಟು ಒರೆಸಿದಳು. ಅವನು ಇನ್ನೊಂದನ್ನು ಮುಂದೆ ಚಾಚಿದ. ಅದನ್ನೂ ಒರೆಸಿದಳು. ಅದರ ಮೇಲೆ ನೀರು ಬಿದ್ದೇ ಇರಲಿಲ್ಲ.

"ನಾನು ಎತ್ತುತ್ತೀನಿ ಯಜಮಾನ್ರೆ," ಎಂದ ಮೈದುನ. "ಇರ್ಲಿ ಬಿಡಿ ಅತ್ತಿಗೆ. ಎತ್ತುತ್ತೀನಿ ನಾನು."

"ನೋಡು, ಅವ್ನು ಗಂಡಸು," ಎಂದು ಯಜಮಾನ ಹಳೆಯ ಸಣ್ಣ ಬ್ರಷ್ಷುಗಳನ್ನೆಲ್ಲ ಬಾಚಿ ತನ್ನ ಕಾರಿನ ಹಿಂಬದಿಗೆ ಎಸೆದು ಬೀಗ ಹಾಕಿದ. "ಅಗಲ ಡಬ್ಬಲ್, ಕೆಲ್ಸ ಅರ್ಧ. ಮಧ್ಯಾಹ್ನದೊಳಗೆ ಮುಗೀಬೇಕು."

ಅವನ ಕಾರು ಹೋದ ಮೇಲೆ ನೀರಜ್ಜ ನೆಲಕ್ಕೆ ಉಗಿದ. "ಹೊರೋ ಕತ್ತೆನ ಬಿಟ್ಟು ಊರನ್ನೆಲ್ಲಾ ಕೇಳಿ ಹೊರೆ ಕಟ್ಟಿದ್ರಂತೆ. ಸೂಳೆಮಗ, ಪುಸ್ತಕದಲ್ಲಿ ಬಣ್ಣದ ಪಟ ನೋಡಿ ಬ್ರಷ್ ತರಿಸ್ತಾನೆ."

ಅಂದು ತೊಳೆಯಬೇಕಿದ್ದ ಕಟ್ಟಡ ಆರು ಮಹಡಿಯದು. ಮೇಲಿನಿಂದ ಕೆಳಗಿನವರೆಗೆ ಗಾಜು. ಒಳಗೆ ಸಾಲು ಸಾಲಾಗಿ ಮೇಜು, ಮೇಜಿಗೊಬ್ಬ ಮನುಷ್ಯ. ಅತ್ತಿಗೆ ಮುಂಬಾಗಿಲಿಗೆ ಹೋಗಿ ಶೌಚಾಲಯ ಎಲ್ಲಿದೆ ಎಂದು ಕೇಳಿದಳು. ಕಟ್ಟಡ ನೋಡಿಕೊಳ್ಳುವ ಅಧಿಕಾರಿ ಹೆಂಗಸು ಅವಳ ಒದ್ದೆ ಬೂಟು ನೋಡಿ, "ನಿಮ್ಮೋರಿಗೆ ಒಳಗಿಲ್ಲಮ್ಮ. ಎರಡು ಬೀದಿ ಆಚೆ ಪೆಟ್ರೋಲ್ ಬಂಕ್ ಇದೆ," ಅಂದಳು. ಬೈಗುಳ ಇರಲಿಲ್ಲ. ಮೆಲ್ಲಗೆ, ನಗುನಗುತ್ತಲೇ ಅಂದಳು. ಅತ್ತಿಗೆ ಹೋಗಲಿಲ್ಲ. ಅವಳು ಆ ಕಡೆ ಹೋದರೆ ಕೋಲಿನ ಬುಡ ಹಿಡಿಯುವವರು ಯಾರು?

ಕೋಲು ನಿಲ್ಲಿಸುವುದೂ ಇಳಿಸುವುದೂ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಕೋಲಿನೊಳಗೆ ಕೋಲು, ಅದರೊಳಗೆ ಕೋಲು, ಹೀಗೆ ಎಂಟು ತುಂಡು. ಒಂದೊಂದು ತುಂಡಿಗೂ ಅದು ಜಾರದಂತೆ ಕಚ್ಚಿ ಹಿಡಿಯುವ ಒಂದು ಬಿಗಿ. ಒಬ್ಬರು ಎರಡು ಕೈಯಿಂದ ಕೋಲನ್ನು ನೆಟ್ಟಗೆ ಹಿಡಿದಿರಬೇಕು, ಇನ್ನೊಬ್ಬರು ಬಿಗಿ ಸಡಿಲಿಸಿ ತುಂಡುಗಳನ್ನು ಮೇಲೆ ದೂಡಬೇಕು, ಇಲ್ಲವೆ ಕೆಳಗೆ ಎಳೆದುಕೊಳ್ಳಬೇಕು. ಹಿಡಿದವರು ಒಂದು ಕೈ ಬಿಟ್ಟರೂ ಕೋಲು ತನಗೆ ಬೇಕಾದ ಕಡೆ ಹೋಗುತ್ತದೆ.

ನಾಲ್ಕನೆಯ ಮಹಡಿಯವರೆಗೆ ಮೈದುನ ಹಲ್ಲು ಕಚ್ಚಿ ತೊಳೆದ. ಅತ್ತಿಗೆ ಎರಡು ಸಲ ಅವನಿಂದ ಕೋಲು ಇಸಿದುಕೊಂಡು ತಾನು ತೊಳೆದಳು. ಐವತ್ತು ದಾಟಿದ ಅವಳ ತೋಳಿಗೂ ಅದು ಹೆಚ್ಚು ಹೊತ್ತು ಒಗ್ಗಲಿಲ್ಲ. ಮೇಲೆ ಬ್ರಷ್ಷು ನೀರು ಕುಡಿದು ಸತ್ತ ನಾಯಿಯ ಹಾಗೆ ಜೋತುಬಿದ್ದಿತ್ತು. ಗಾಜಿಗೆ ಒತ್ತಿ ಹಿಡಿದರೆ ಬೆನ್ನು ನೋಯುತ್ತಿತ್ತು, ಗಾಜಿನಿಂದ ಎತ್ತಿದರೆ ಕೋಲು ಬಿಲ್ಲಾಗುತ್ತಿತ್ತು.

"ಕೊಡಪ್ಪ, ಇನ್ನೊಂದು ಸಾಲು ನಾನು ಮಾಡ್ತೀನಿ."

"ಬೇಡ ಅತ್ತಿಗೆ. ಯಜಮಾನ ಬಂದ."

ಯಜಮಾನ ಬಂದಿದ್ದ. ಅಧಿಕಾರಿ ಹೆಂಗಸನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೊಸ ಬ್ರಷ್ಷಿನ ಗುಣಗಾನ ಮಾಡುತ್ತಿದ್ದ. ಆರನೆಯ ಮಹಡಿಯ ಎರಡನೆಯ ಕಿಟಕಿಯಲ್ಲಿ ಮೈದುನ ಕೋಲನ್ನು ಮೇಲೆ ದೂಡಿದ. ಒಣಕಡ್ಡಿ ಮುರಿದಂಥ ಸದ್ದೊಂದು ಅತ್ತಿಗೆಗೆ ಕೇಳಿಸಿತು. ಅವನು ಕೂಗಲಿಲ್ಲ. ಕೋಲನ್ನೂ ಬಿಡಲಿಲ್ಲ. ಕೆಳಗೆ ನೀರಜ್ಜ ಇದ್ದ, ದಾರಿಯಲ್ಲಿ ಜನ ಇದ್ದರು, ಬಿಟ್ಟರೆ ಯಾರ ತಲೆಯ ಮೇಲಾದರೂ ಬೀಳುತ್ತಿತ್ತು. ಎಡಗೈಯಿಂದ ಅದನ್ನು ಎದೆಗೆ ಅವುಚಿಕೊಂಡು ನಿಂತ. ಬಲಗೈ ಅಂಗಿಯ ತೋಳಿನಲ್ಲಿ ಸುಮ್ಮನೆ ನೇತಾಡುತ್ತಿತ್ತು.

ಅತ್ತಿಗೆ ಓಡಿಬಂದು ಕೋಲು ಹಿಡಿದಳು. ಅವನು ಗೋಡೆಗೆ ಬೆನ್ನು ಕೊಟ್ಟು ಜಾರಿ ಕೂತ.

"ಏನೋ ಇದು ನಾಟಕ? ಏಳೋ!" ಯಜಮಾನ ಅಬ್ಬರಿಸಿದ.

"ಕೀಲು ತಪ್ಪೈತೆ," ಎಂದ ನೀರಜ್ಜ. "ಕಣ್ಣು ಕಾಣಲ್ವಾ ಸ್ವಾಮಿ? ತೋಳು ಹೆಂಗೆ ಜೋತೈತೆ ನೋಡಿ."

"ಮೊದ್ಲಿಂದಾನೇ ನೋವಿತ್ತೇನೋ? ಬಚ್ಚಿಟ್ಟಿದ್ದೆ ಅಲ್ವಾ ಬೋಳಿಮಗನೆ? ಅಣ್ಣನ ಬುದ್ಧಿ ತಮ್ಮನಿಗೂ ಬಂತು. ನಾಳೆಯಿಂದ ಬರ್ಬೇಡ ನೀನು. ಎದ್ದು ಹೋಗು ಈಗ್ಲೇ, ಗಿರಾಕಿ ಮುಂದೆ ಬಿದ್ದು ಹೊರಳ್ಬೇಡ!"

ಅತ್ತಿಗೆಯ ಎರಡು ಕೈಗಳೂ ಕೋಲಿನ ಮೇಲಿದ್ದವು. ನೀರು ಕೋಲಿನ ಗುಂಟ ಇಳಿದು ಅವಳ ಅಂಗಿಯ ತೋಳಿನೊಳಗೆ ಹರಿದು ಕಂಕುಳಲ್ಲಿ ತಣ್ಣಗೆ ನಿಂತಿತು. ನಾಳೆಯಿಂದ ಬರಬೇಡ ಎಂಬ ಮಾತನ್ನು ಅವಳು ಹಿಂದೆ ಒಮ್ಮೆ ಕೇಳಿದ್ದಳು. ಅದರ ಮುಂದಿನ ಮೆಟ್ಟಿಲುಗಳೆಲ್ಲ ಅವಳಿಗೆ ಬಾಯಿಪಾಠ.

"ಯಜಮಾನ್ರೆ," ಅಂದಳು. "ಇವ್ನನ್ನ ನಿಮ್ಮ ಕಾರಲ್ಲಿ ಆಸ್ಪತ್ರೆಗೆ ಸೇರ್ಸಿ. ಕೈ ನೆಟ್ಟಗಾದ ಮೇಲೆ ಇದೇ ಕೆಲ್ಸಕ್ಕೆ ಬರ್ತಾನೆ ಅಂತ ಎಲ್ರ ಮುಂದೆ ಹೇಳಿ. ಕೋಲು ಇಳಿಸ್ತೀನಿ, ಸಣ್ಣ ಬ್ರಷ್ ಹಾಕ್ಕೊಂಡು ಉಳಿದದ್ದು ನಾನೊಬ್ಳೇ ತೊಳೀತೀನಿ."

"ಷರತ್ತು ಹಾಕ್ತೀಯೇನೇ ನನಗೆ? ನೀನೂ ಬರ್ಬೇಡ ನಾಳೆಯಿಂದ! ಹೆಂಗಸ್ರ ಕೈಗೆ ಕೋಲು ಕೊಟ್ಟಿದ್ದೇ ನನ್ನ ತಪ್ಪು." ಅಧಿಕಾರಿ ಹೆಂಗಸಿನ ಕಡೆ ತಿರುಗಿ ಹಲ್ಲು ಕಿರಿದ. "ಎರಡೇ ನಿಮಿಷ ಮೇಡಂ. ಹೆಂಗೆ ಅಂತ ನಾನೇ ತೋರಿಸ್ತೀನಿ." ಮತ್ತೆ ಇವಳಿಗೆ, "ತಾರೇ ಇಲ್ಲಿ, ದರಿದ್ರದವ್ಳೇ!"

ಅವನು ಕೋಲಿಗೆ ಕೈ ಹಾಕಿದ.

ಅತ್ತಿಗೆ ತಕ್ಷಣ ಬಿಡಲಿಲ್ಲ. ಮೊದಲು ದಾರಿಯ ಕಡೆ ನೋಡಿ, "ದೂರ ಹೋಗ್ರಪ್ಪಾ, ಈ ಕಡೆ ಯಾರೂ ಬರ್ಬೇಡಿ!" ಎಂದು ಕೂಗಿದಳು. ಅಧಿಕಾರಿ ಹೆಂಗಸಿಗೆ, "ನೀವೂ ಒಳಗೆ ಹೋಗಿ ತಾಯಿ," ಅಂದಳು. ದಾರಿ ಖಾಲಿಯಾಯಿತು. ಆಮೇಲೆ ಒಂದೊಂದೇ ಬೆರಳು ಬಿಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಮೊದಲು ಅವನಿಗೆ ಏನೂ ಅನ್ನಿಸಲಿಲ್ಲ. ಗಾಜಿಗೆ ಒರಗಿದ್ದ ಬ್ರಷ್ಷು ಕೋಲಿನ ಭಾರವನ್ನು ಹೊತ್ತಿತ್ತು. ಉಜ್ಜಿ ತೋರಿಸಲೆಂದು ಅವನು ಅದನ್ನು ಗಾಜಿನಿಂದ ಎತ್ತಿದ. ಎತ್ತಿದ ಕೂಡಲೇ ಕೋಲು ಎಡಕ್ಕೆ ವಾಲಿತು. ಅವನು ಎಡಕ್ಕೆ ಓಡಿದ. ಬಲಕ್ಕೆ ವಾಲಿತು. ಬಲಕ್ಕೆ ಓಡಿದ. ಬ್ರಷ್ಷಿನ ತೂತುಗಳಿಂದ ಚಿಮ್ಮುವ ನೀರು ಗಾಜಿಗೆ ಬೀಳದೆ ನೇರ ಅವನ ನೆತ್ತಿಗೆ ಬಿತ್ತು. ಕೋಟು ನೆನೆಯಿತು, ಕನ್ನಡಕ ನೆನೆಯಿತು, ಹಿಡಿದ ಕೈ ಜಾರತೊಡಗಿತು. ಬಿಗಿ ಸಡಿಲಿಸಲು ಒಂದು ಕೈ ತೆಗೆದ, ಕೋಲು ಅವನ ಮೈಮೇಲೇ ಬರುವಂತೆ ಬಾಗಿತು, ಬೆದರಿ ಮತ್ತೆ ಎರಡು ಕೈಯಲ್ಲೂ ತಬ್ಬಿಕೊಂಡ.

"ಹಿಡ್ಕೊಳ್ರೋ! ಯಾರಾದ್ರೂ ಬುಡ ಹಿಡ್ಕೊಳ್ರೋ!"

ಯಾರೂ ಅಲ್ಲಾಡಲಿಲ್ಲ.

ನೀರಜ್ಜ ಗಾಡಿಯ ನಲ್ಲಿಯ ಮೇಲೆ ಕೈ ಇಟ್ಟು ಕೇಳಿದ. ಕೇಳಿದ್ದು ಯಜಮಾನನನ್ನಲ್ಲ. "ಅತ್ತಿಗೆ, ನೀರು ನಿಲ್ಸ್ಲಾ?"

"ಯಾಕಜ್ಜ? ಇನ್ನೂ ಹನ್ನೊಂದು ಕಿಟಕಿ ಐತೆ."

ಒಳಗೆ ಮೇಜಿನವರೆಲ್ಲ ಎದ್ದು ಗಾಜಿನ ಹತ್ತಿರ ಬಂದಿದ್ದರು. ಕೆಲವರು ಫೋನ್ ಎತ್ತಿ ಹಿಡಿದಿದ್ದರು. ಯಜಮಾನ ಅವರ ಕಡೆ ಒಮ್ಮೆ ನೋಡಿದ. ಬಾಯಿಗೆ ಬಂದದ್ದನ್ನೆಲ್ಲ ಬೈದ. ಬೈಗುಳ ಮುಗಿದ ಮೇಲೆ "ಅಮ್ಮಾ" ಅಂದ. "ತಾಯೀ, ಹಿಡಿಯೇ. ನಿನ್ನ ದಮ್ಮಯ್ಯ. ಕೈ ಹೋಗ್ತಿದೆ ನಂದು."

"ಯಾವ ಕೈ ಯಜಮಾನ್ರೆ?" ಎಂದು ಅತ್ತಿಗೆ ಕೇಳಿದಳು. "ಬಲಗೈಯೋ, ಎಡಗೈಯೋ?"

ಅವಳ ಪಕ್ಕದಲ್ಲಿ ಏನೋ ಸರಿದಂತಾಯಿತು. ಮೈದುನ ಎದ್ದು ನಿಂತಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಲತೋಳು ತನ್ನದಲ್ಲವೆಂಬಂತೆ ಇಳಿಬಿದ್ದಿತ್ತು. ಆದರೂ ವಾಲುವ ಕೋಲನ್ನು ಕಂಡ ಅವನ ಕಾಲು ಹದಿಮೂರು ವರ್ಷದ ರೂಢಿಯಿಂದ ಮುಂದೆ ಹೆಜ್ಜೆ ಹಾಕಿತ್ತು, ಎಡಗೈ ತಾನಾಗಿಯೇ ಕೋಲಿನ ಕಡೆ ಚಾಚಿತ್ತು.

ಅತ್ತಿಗೆ ಅಂಗೈಯನ್ನು ಅವನ ಎದೆಯ ಮೇಲೆ ಇಟ್ಟು ತಡೆದಳು. ಒದ್ದೆ ಅಂಗಿಯ ಕೆಳಗೆ ಅವನ ಎದೆ ಹಕ್ಕಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು.

"ಬೀಳುತ್ತೆ ಅತ್ತಿಗೆ."

"ಗೊತ್ತು. ಕೂತ್ಕೋ."

ಅವನು ಕೂರಲಿಲ್ಲ, ಮುಂದೆಯೂ ಹೋಗಲಿಲ್ಲ. ಅವಳು ಕೈ ತೆಗೆಯಲಿಲ್ಲ. ಮೇಲೆ ಆರನೆಯ ಮಹಡಿಯ ಎತ್ತರದಲ್ಲಿ ಬ್ರಷ್ಷು ಬಿಸಿಲಿಗೆ ಅಡ್ಡವಾಗಿ ನಿಧಾನಕ್ಕೆ ತಲೆ ಬಗ್ಗಿಸತೊಡಗಿತ್ತು.