ಹಕ್ಕಿಗಳಿಗೆ ಹಾಕಿದ ಮದ್ದು

ಅಂಗಡಿ ಬಾಗಿಲು ತೆರೆದ ಕೂಡಲೇ ಪಂಜರಗಳ ತಟ್ಟೆ ಕೆರೆದು ಒಣಗಿದ ಹಿಕ್ಕೆ ತೆಗೆಯುವುದು ಹೆಂಡತಿಯ ಪಾಲಿನ ಕೆಲಸ. ನೀರಿಟ್ಟು, ಗಿರಾಕಿಗಳ ಜೊತೆ ಹರಟುವುದು ಗಂಡನ ಪಾಲಿನದು. ಬೀದಿಯವರು ಅವನನ್ನು ಗಿಳಿಯಣ್ಣ ಎನ್ನುತ್ತಿದ್ದರು. ಮಾತಿನಲ್ಲಿ ಅವನನ್ನು ಮೀರಿಸುವ ಗಿಳಿ ಆ ಅಂಗಡಿಗೆ ಬಂದದ್ದೇ ಇಲ್ಲ.

ಹೊಸದಾಗಿ ತರಿಸಿದ ಗಿಳಿಗಳು ರೆಕ್ಕೆ ಜೋತುಬಿಟ್ಟು ತೂಕಡಿಸತೊಡಗಿದಾಗ ಗಿಳಿಯಣ್ಣ ತಡಮಾಡಲಿಲ್ಲ. ಹಕ್ಕಿ ವ್ಯಾಪಾರಿಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ಹಳದಿ ಪುಡಿಯನ್ನು ನೀರಿಗೆ ಬೆರೆಸಿಟ್ಟ. ಸತ್ತವನ್ನು ಸದ್ದಿಲ್ಲದೆ ಹೂತ, ಉಳಿದವು ಚೇತರಿಸಿಕೊಂಡವು, ಅವುಗಳಲ್ಲಿ ಕೆಲವು ಮಾರಾಟವೂ ಆದವು. ಅಷ್ಟರಲ್ಲಿ ಹೆಂಡತಿ ಹಾಸಿಗೆ ಹಿಡಿದಳು. ಸುಡುವ ಜ್ವರ, ಒಣಕೆಮ್ಮು, ತಲೆಸಿಡಿತ.

"ಏನು ಕೆಲಸ ಮಾಡ್ತೀರಮ್ಮ? ಪ್ರಾಣಿ ಪಕ್ಷಿ ಏನಾದ್ರೂ ಸಾಕಿದ್ದೀರಾ?" ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು.

ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಡ ಮಾತು ಕಸಿದುಕೊಂಡ. "ಮನೆಗೆಲಸ ಅಷ್ಟೇ ಡಾಕ್ಟ್ರಮ್ಮ. ಏನೂ ಸಾಕಿಲ್ಲ."

ರೋಗದ ಸುದ್ದಿ ಹಬ್ಬಿದರೆ ಅಂಗಡಿಗೆ ಬೀಗ ಬೀಳುತ್ತದೆಂಬ ಭಯ ಅವನಿಗೆ. ಅವನ ಮುಖ ನೋಡಿ ಅವಳೂ ತುಟಿ ಬಿಗಿದಳು.

ನ್ಯುಮೋನಿಯಾಕ್ಕೆ ಸಾಮಾನ್ಯವಾಗಿ ಕೊಡುವ ಇಂಜೆಕ್ಷನ್ ಶುರುವಾಯಿತು. ಜ್ವರ ಜಗ್ಗಲಿಲ್ಲ. ಇನ್ನೂ ಬಲವಾದದ್ದು ಕೊಟ್ಟರು, ಉಸಿರು ಇನ್ನೂ ಕಟ್ಟಿತು. ಆಕ್ಸಿಜನ್ ಹಾಕಿದರೂ ಅವಳ ತುಟಿ ನೀಲಿಗಟ್ಟಿದ್ದು ಕಂಡು ಗಿಳಿಯಣ್ಣ ಅಂಗಡಿಗೆ ಓಡಿದ. ಡಾಕ್ಟರಮ್ಮನ ಮುಂದೆ ಪುಡಿಯ ಪೊಟ್ಟಣ ಇಟ್ಟು ಎಲ್ಲವನ್ನೂ ಹೇಳಿದ.

ಅವರು ಪೊಟ್ಟಣದ ಮೇಲಿನ ಹೆಸರು ಓದಿದರು. "ನಿಮ್ಮ ಗಿಳಿಗಳ ರೋಗವೇ ಇವರಿಗೂ ತಗಲಿದೆ. ಅದರ ರೋಗಾಣು ಹಿಕ್ಕೆಯ ಧೂಳಿಂದ ಬರುತ್ತೆ. ಶ್ವಾಸಕೋಶದ ಜೀವಕೋಶಗಳ ಒಳಗೇ ಹೊಕ್ಕು ಕೂತಿರುತ್ತೆ. ನಾವು ಕೊಟ್ಟ ಇಂಜೆಕ್ಷನ್ ಎಷ್ಟು ಬಲವಾದ್ದಾದ್ರೂ ಅದಕ್ಕೆ ತಾಗಲ್ಲ. ಒಳಗೆ ಹೋಗಿ ಕೆಲಸ ಮಾಡೋ ಔಷಧಿ ಬೇರೆ. ನೀವು ಹಕ್ಕಿಗೆ ಹಾಕಿದ್ದು ಅದೇ ಜಾತಿದು."

"ಹಾಗಾದ್ರೆ ಈ ಪುಡೀನೇ ಅವಳಿಗೂ..."

"ಬೇಡ. ಮನುಷ್ಯರಿಗೆ ಮಾತ್ರೆ ಇದೆ, ಅಳತೆ ಇದೆ. ಬಂದ ದಿನವೇ ಕೊಡಬಹುದಿತ್ತು."

"ಹೊಟ್ಟೆಪಾಡು ಡಾಕ್ಟ್ರಮ್ಮ. ಅಂಗಡಿ ಮುಚ್ಚಿಸಿಬಿಡ್ತಾರೆ ಅಂತ ಹೆದರಿದೆ."

"ನಿಮ್ಮನ್ನ ಆಚೆ ಕಳಿಸಿ ನಾನೂ ಅವರನ್ನೇ ಕೇಳಬೇಕಿತ್ತು," ಎಂದು ಡಾಕ್ಟರಮ್ಮ ಎದ್ದುಹೋದರು.

ಔಷಧಿ ಬದಲಾಯಿತು, ಜ್ವರ ಇಳಿಯಿತು. ಆದರೆ ಶ್ವಾಸಕೋಶ ಮೊದಲಿನಂತಾಗಲಿಲ್ಲ. ಮಂಚದಿಂದ ಬಾಗಿಲವರೆಗೆ ನಡೆದರೆ ಏದುಸಿರು. ಇನ್ನು ಹೀಗೇ ಎಂದರು ಡಾಕ್ಟರಮ್ಮ. ಗಿಳಿಯಣ್ಣ ತಲೆತಗ್ಗಿಸಿ ಹೆಂಡತಿಗೆ ನಡೆದದ್ದನ್ನೆಲ್ಲ ಒಪ್ಪಿಸಿದ.

"ಹಕ್ಕಿಗಳು ಹೇಗಿವೆ?" ಅವಳು ಕೇಳಿದಳು.

"ಚೆನ್ನಾಗಿವೆ."

"ಇರ್ಲೇಬೇಕಲ್ಲ. ತೂಕಡಿಸಿದ ದಿನಾನೇ ಅವಕ್ಕೆ ಮದ್ದು ಹಾಕಿದ್ರಿ."

ಗಿಳಿಯಣ್ಣ ಅವಳ ಮಂಚದ ಪಕ್ಕದಲ್ಲೇ ನಿಂತು, ಜೋಡಿ ಗಿಳಿ ಕೊಂಡುಹೋಗಿದ್ದ ಮೇಷ್ಟರಿಗೆ ಫೋನ್ ಮಾಡಿದ.

"ಮೇಷ್ಟ್ರೇ, ನಾನು ಮಾರಿದ ಗಿಳಿಗೆ ರೋಗ ಇತ್ತು. ಗೊತ್ತಿದ್ದೂ ಮಾರಿದೆ. ಮನೇಲಿ ಯಾರಿಗಾದ್ರೂ ಜ್ವರ, ಕೆಮ್ಮು ಇದ್ರೆ ಡಾಕ್ಟ್ರಿಗೆ ಮೊದಲು ಹಕ್ಕಿ ವಿಷಯ ಹೇಳಿ."

ಆ ಕಡೆಯಿಂದ ಬೈಗುಳ ಸುರಿಯಿತು. ಅಷ್ಟನ್ನೂ ಕೇಳಿಸಿಕೊಂಡು ಅವನು ಫೋನ್ ಇಳಿಸಿದ.

"ಇನ್ನು ಯಾರ್ಯಾರಿಗೆ ಮಾರಿದ್ರಿ?" ಏದುಸಿರಿನ ನಡುವೆ ಹೆಂಡತಿ ಕೇಳಿದಳು.

ಅವನು ಮುಂದಿನ ನಂಬರು ಒತ್ತಿದ.