ವಾರಗಿತ್ತಿಯ ಪ್ರಬಂಧ

ಆ ಮನೆಯ ಸೊಸೆಯಂದಿರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಬ್ಬಳು ದೊಡ್ಡವಳು, ಇನ್ನೊಬ್ಬಳು ಚಿಕ್ಕವಳು. ಅತ್ತೆ ಶುರುಮಾಡಿದ ರೂಢಿ ಅದು, ಕೆಲಸದವರ ಬಾಯಲ್ಲೂ ಹಾಗೇ ಕೂತುಬಿಟ್ಟಿತ್ತು. ಕೆಳಗೆ ಲಾಂಡ್ರಿ, ಮೇಲೆ ಮನೆ. ಊರಿನ ಹೋಟೆಲುಗಳ ಬೆಡ್‌ಶೀಟು, ಟವೆಲು, ಮೇಜುಬಟ್ಟೆಗಳೆಲ್ಲ ಬೆಳಿಗ್ಗೆ ಗಾಡಿಯಲ್ಲಿ ಬಂದು ಬೀಳುತ್ತಿದ್ದವು, ಸಂಜೆಗೆ ಒಗೆಸಿಕೊಂಡು, ಇಸ್ತ್ರಿಯಾಗಿ, ಮಡಿಕೆ ಮುರಿಯದೆ ವಾಪಸಾಗುತ್ತಿದ್ದವು. ಅಣ್ಣತಮ್ಮಂದಿರಿಬ್ಬರೂ ಗಾಡಿ, ಮೆಷಿನ್ನು, ವಸೂಲಿ ನೋಡಿಕೊಳ್ಳುತ್ತಿದ್ದರು. ಚಿಕ್ಕವಳು ಹಿಂದುಗಡೆ ರೋಲರ್ ಇಸ್ತ್ರಿಯ ಹತ್ತಿರ, ಹಬೆಯ ನಡುವೆ, ಕೆಲಸದ ಹೆಂಗಸರ ಜೊತೆ ನಿಂತು ಗೋಡೆ ನಡುಗುವ ಹಾಗೆ ನಗುತ್ತಿದ್ದಳು. ದೊಡ್ಡವಳದು ಮುಂದಿನ ಗಾಜಿನ ಕೋಣೆ. ಫೋನು, ಬಿಲ್ಲು, ಪತ್ರವ್ಯವಹಾರವೆಲ್ಲ ಅವಳದೇ.

ದೊಡ್ಡವಳು ಮದುವೆಗೆ ಮುಂಚೆ ಶಾಲೆಯಲ್ಲಿ ಭಾಷೆ ಕಲಿಸಿದವಳು. ಬರೆಯುವುದೆಂದರೆ ಅವಳಿಗೆ ನೀರು ಕುಡಿದಷ್ಟು ಸುಲಭ ಎಂದು ನೆಂಟರಿಷ್ಟರಲ್ಲೆಲ್ಲ ಹೆಸರು. ಯಾರಿಗೆ ಕೆಲಸದ ಅರ್ಜಿ ಬೇಕಾದರೂ, ಯಾರ ನಿವೃತ್ತಿಗೆ ನಾಲ್ಕು ಒಳ್ಳೆಯ ಮಾತು ಬೇಕಾದರೂ ಅವಳ ಕೋಣೆಯ ಬಾಗಿಲಿಗೇ ಬರುತ್ತಿದ್ದರು. ಎರಡು ವರ್ಷದ ಹಿಂದೆಯಂತೂ ಅವಳ ಬರಹ ಮನೆಯನ್ನೇ ಉಳಿಸಿತ್ತು. ಅವರ ಅತಿ ದೊಡ್ಡ ಗಿರಾಕಿಯಾದ ಹೊಳೆದಂಡೆಯ ಹೋಟೆಲಿನ ಒಂದಿಡೀ ಲೋಡು ಬಿಳಿ ಬೆಡ್‌ಶೀಟು ಮೆಷಿನ್ನಿನಿಂದ ಗುಲಾಬಿ ಬಣ್ಣಕ್ಕೆ ತಿರುಗಿ ಹೊರಬಂದಿತ್ತು. ಸೋಪಿನ ಪುಡಿಯಲ್ಲೇ ಏನೋ ಕಲಬೆರಕೆ ಎಂದು ಮೈದುನ ಹೇಳಿದ. ಇನ್ನು ನಿಮ್ಮ ಸಹವಾಸ ಸಾಕು ಎಂದು ಹೋಟೆಲಿನ ಮ್ಯಾನೇಜರು ಫೋನಿಟ್ಟ. ಆಗ ದೊಡ್ಡವಳು ಕೂತು ಅವನಿಗೊಂದು ಇಮೇಲ್ ಬರೆದಳು. ಸೋಪಿನ ಪುಡಿಯ ಕಥೆಯನ್ನು ಎಷ್ಟು ವಿನಯದಿಂದ, ಎಷ್ಟು ಘನತೆಯಿಂದ ಬರೆದಳೆಂದರೆ ಓದಿದ ಗಂಡನ ಕಣ್ಣೇ ಒದ್ದೆಯಾಯಿತು. ವಾರ ಕಳೆಯುವಷ್ಟರಲ್ಲಿ ಹೋಟೆಲಿನ ಮೂಟೆಗಳು ಮತ್ತೆ ಬಾಗಿಲಿಗೆ ಬಂದವು.

"ನಮ್ಮ ದೊಡ್ಡವಳ ನಾಲ್ಕು ಸಾಲು ಹೋಟೆಲ್ ಉಳಿಸ್ತು," ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ದೊಡ್ಡವಳು ಪ್ರತಿ ಸಲವೂ "ಅಯ್ಯೋ, ಅದರಲ್ಲೇನಿದೆ ಅತ್ತೆ" ಎನ್ನುತ್ತಿದ್ದಳು. ಪ್ರತಿ ಸಲವೂ ಒಳಗೊಳಗೇ ಅರಳುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಚಿಕ್ಕವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಒಂದು ಮಾತು ಹೇಳ್ಬೇಕಿತ್ತು. ಬೈಬಾರದು," ಎಂದಳು. "ಬಿಸಿನೆಸ್ ಸ್ಕೂಲಿನ ಪ್ರವೇಶ ಪರೀಕ್ಷೆ ಬರೆದಿದ್ದೆ. ಸಂಜೆ ಕ್ಲಾಸು. ಹೇಗಿದ್ರೂ ಪಾಸಾಗಲ್ಲ ಅಂತ ಯಾರಿಗೂ ಹೇಳಿರಲಿಲ್ಲ. ನೋಡಿದ್ರೆ ಒಳ್ಳೆ ಅಂಕ ಬಂದ್ಬಿಟ್ಟಿದೆ!"

ಮೈದುನ ಮೇಜು ಕುಟ್ಟಿದ. ಅತ್ತೆ ಬಾಯಿ ತೆರೆದವರು ಮುಚ್ಚಲಿಲ್ಲ. ದೊಡ್ಡವಳ ಗಂಡ, "ಭೇಷ್, ನಮ್ಮ ಮನೇಲೂ ಒಬ್ಬರು ಮ್ಯಾನೇಜರಾಗ್ತಾರೆ," ಎಂದ.

"ಇನ್ನೂ ಏನೂ ಆಗಿಲ್ಲ ಭಾವ. ಪ್ರಬಂಧ ಬರೆದು ಕಳಿಸಬೇಕು, ಅದು ಒಪ್ಪಿಗೆ ಆದ್ರೆ ಇಂಟರ್‌ವ್ಯೂ. ನನಗೋ ಮೂರು ಸಾಲು ಬರೆಯೋಕೆ ಮೂರು ದಿನ ಬೇಕು."

"ಅತ್ತಿಗೆ ಇದ್ದಾರಲ್ಲೇ!" ಎಂದ ಮೈದುನ.

ಎಲ್ಲರ ಮುಖವೂ ದೊಡ್ಡವಳ ಕಡೆ ತಿರುಗಿತು. ಅವಳು ನಕ್ಕಳು.

ಯಾರಿಗೂ ಗೊತ್ತಿಲ್ಲದ ಸಂಗತಿಯೊಂದಿತ್ತು. ಮದುವೆಯಾದ ಮರುವರ್ಷ ದೊಡ್ಡವಳೂ ಅದೇ ಪರೀಕ್ಷೆ ಬರೆದಿದ್ದಳು. ಅವಳಿಗೂ ಒಳ್ಳೆಯ ಅಂಕವೇ ಬಂದಿತ್ತು. ಪ್ರಬಂಧ ಹೇಗಿರಬೇಕೆಂದು ಸಿಕ್ಕಿದ್ದನ್ನೆಲ್ಲ ಓದಿಕೊಂಡು, ವಾರಗಟ್ಟಲೆ ಬರೆದು, ಹೊಡೆದು, ಮತ್ತೆ ಬರೆದಿದ್ದಳು. ಒಂದೊಂದು ವಾಕ್ಯವೂ ಮುತ್ತು ಪೋಣಿಸಿದಂತಿತ್ತು. ಆದರೆ "ನೀವು ಏನು ಮಾಡಿದಿರಿ, ಹೇಳಿ" ಎಂಬ ಪ್ರಶ್ನೆಯ ಕೆಳಗೆ ಹೇಳಿಕೊಳ್ಳಲು ಅವಳಿಗೆ ಒಂದು ಘಟನೆಯೂ ಸಿಗಲಿಲ್ಲ. ಕೊನೆಯ ದಿನ ಬಂತು, ಹೋಯಿತು. ಅವಳು ಕಳಿಸಲೇ ಇಲ್ಲ. ಗಂಡನಿಗೂ ಹೇಳಲಿಲ್ಲ.

ಈಗ ಈ ಹಬೆಯಲ್ಲಿ ನಿಲ್ಲುವ ಹುಡುಗಿ, ಟವೆಲಿನ ಲೆಕ್ಕದಲ್ಲೂ ಕಾಗುಣಿತ ತಪ್ಪುವವಳು, ಆ ಬಾಗಿಲು ತಟ್ಟಲು ಹೊರಟಿದ್ದಾಳೆ! ಹೊಟ್ಟೆಯೊಳಗೆ ಯಾರೋ ಕೆಂಡ ಇಟ್ಟು ಊದಿದಂತಾಯಿತು.

ಎರಡು ದಿನ ಬಿಟ್ಟು ಚಿಕ್ಕವಳು ಬರೆದುಕೊಂಡು ಬಂದಳು. "ಅಕ್ಕ, ನಗಬೇಡಿ," ಎಂದು ಹಾಳೆ ಮುಂದಿಟ್ಟು, ತಪ್ಪು ಮಾಡಿದ ಮಗುವಿನ ಹಾಗೆ ಸೆರಗಿನ ತುದಿ ತಿರುಚುತ್ತ ನಿಂತಳು.

"ನಾಯಕತ್ವವು ನನ್ನ ರಕ್ತದಲ್ಲೇ ಹರಿಯುತ್ತಿದೆ," ಎಂದು ಪ್ರಬಂಧ ಶುರುವಾಗಿತ್ತು. ಮುಂದೆ ಯಶಸ್ಸಿನ ಶಿಖರವಿತ್ತು, ಬಾಲ್ಯದ ಕನಸಿತ್ತು, ಸವಾಲುಗಳನ್ನು ಮೆಟ್ಟಿಲಾಗಿಸಿಕೊಳ್ಳುವ ಛಲವಿತ್ತು. ಓದುತ್ತ ಓದುತ್ತ ದೊಡ್ಡವಳ ಎದೆ ಹಗುರವಾಯಿತು. ಇಂಥ ಪ್ರಬಂಧವನ್ನು ಅಲ್ಲಿನವರು ಎರಡನೇ ಸಾಲಿಗೇ ಪಕ್ಕಕ್ಕಿಡುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಕಲ್ಲು ಹಾಕಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು.

"ಚೆನ್ನಾಗಿದೆ," ಎಂದಳು. "ಹೀಗೇ ಕಳಿಸು."

"ನಿಜವಾಗ್ಲೂ?" ಚಿಕ್ಕವಳು ಬಾಗಿ ಅವಳ ಕೊರಳು ತಬ್ಬಿಕೊಂಡಳು. ಸೋಪಿನ ವಾಸನೆ, ಬೆವರಿನ ವಾಸನೆ. ದೊಡ್ಡವಳು ಬೆನ್ನು ತಟ್ಟಿದಳು.

ಮರುದಿನ ಮಧ್ಯಾಹ್ನ ಅತ್ತೆ ಟವೆಲು ಮಡಿಸುವ ಮೇಜಿನ ಹತ್ತಿರ ಕೂತು, ಪಕ್ಕದ ಔಷಧಿ ಅಂಗಡಿಯಾಕೆಗೆ ಹೇಳುತ್ತಿದ್ದುದು ಗಾಜಿನ ಕೋಣೆಗೆ ಕೇಳಿಸಿತು. "ನಮ್ಮ ದೊಡ್ಡವಳೇ ನೋಡಿ, ತಿದ್ದಿ, ಸರಿಯಾಗಿದೆ ಅಂದಿದ್ದಾಳೆ. ಇನ್ನೇನು, ಸೀಟು ಸಿಕ್ಕಿದ ಹಾಗೇ."

ಔಷಧಿ ಅಂಗಡಿಯಾಕೆ, "ಹಾಗಾದ್ರೆ ನನ್ನ ತಂಗಿ ಮಗಳಿಗೂ ಇವರ ಹತ್ರಾನೇ ಬರೆಸ್ತೀನಿ," ಎಂದಳು.

ದೊಡ್ಡವಳ ಕೈ ಬಿಲ್ಲಿನ ಮೇಲೇ ನಿಂತಿತು. ಚಿಕ್ಕವಳು ಸೋತರೆ ಊರು ಯಾರನ್ನು ಆಡಿಕೊಳ್ಳುತ್ತದೆ? ಮುಳುಗುವುದು ಅವಳ ಪ್ರಬಂಧ, ಹೋಗುವ ಮಾನ ತನ್ನ ಲೇಖನಿಯದು! ಸಂಜೆಯಾಗುವುದನ್ನೇ ಕಾದು, ರೋಲರ್ ನಿಂತ ತಕ್ಷಣ ವಾರಗಿತ್ತಿಯನ್ನು ಕರೆಸಿದಳು.

"ಕಳಿಸಿಬಿಟ್ಯಾ?"

"ಇಲ್ಲ ಅಕ್ಕ, ನಾಳೆ ಕಳಿಸೋಣ ಅಂತ."

"ತಾ ಇಲ್ಲಿ. ಮತ್ತೆ ಯೋಚನೆ ಮಾಡಿದೆ. ಇದರಲ್ಲಿ ನೀನೇ ಇಲ್ಲ. ಬರೀ ದೊಡ್ಡ ದೊಡ್ಡ ಮಾತು. ಓದೋರು ದಿನವಿಡೀ ಇಂಥವನ್ನೇ ಓದಿ ಸುಸ್ತಾಗಿರ್ತಾರೆ. ನಡೆದದ್ದು ಏನಾದ್ರೂ ಒಂದು ಹೇಳು. ನೀನು ಎಲ್ಲಿದ್ದೆ, ಏನು ಮಾಡ್ದೆ, ಯಾರು ಬೇಡ ಅಂದ್ರು, ಎಲ್ಲಿ ಎಡವಿದೆ, ಆಮೇಲೆ ಏನು ಬದಲಾಯ್ತು. ಕೂತ್ಕೋ, ಹೇಳು."

ಚಿಕ್ಕವಳು ಕೂತಳು. ಮೊದಲು ನಾಚಿಕೊಂಡಳು, ಆಮೇಲೆ ಅಣೆಕಟ್ಟು ಒಡೆದಂತೆ ಹೇಳತೊಡಗಿದಳು. ಇಸ್ತ್ರಿಯ ಹೆಂಗಸರು ಬೆಳಿಗ್ಗೆ ತಡವಾಗಿ ಬರುತ್ತಾರೆಂದು ಭಾವ ರೇಗುತ್ತಿದ್ದಾಗ, ಮಕ್ಕಳಿದ್ದವರನ್ನೂ ಇಲ್ಲದವರನ್ನೂ ಬೇರೆ ಬೇರೆ ಪಾಳಿಗೆ ಹಾಕಿ ನೋಡಿದ್ದು. ಮೊದಲ ವಾರ ಎಲ್ಲವೂ ಕಲಸಿಹೋಗಿ, ಹೆಂಗಸರೇ ಜಗಳಕ್ಕೆ ನಿಂತಿದ್ದು. ಕೊನೆಗೆ ಅವರನ್ನೇ ಕೂರಿಸಿ ಪಾಳಿ ಹಂಚಿಕೊಳ್ಳಿ ಎಂದದ್ದು, ಅಲ್ಲಿಂದ ಒಬ್ಬರೂ ತಡವಾಗದಿದ್ದದ್ದು. ದೊಡ್ಡವಳು ಬರೆದುಕೊಳ್ಳುತ್ತ ಹೋದಳು. ಗಾಜಿನ ಆಚೆಗೇ ನಡೆದ ಇದೆಲ್ಲ ತನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಅವಳಿಗೆ ಉರಿಯಿತು.

"ಎಡವಿದ್ದು ಅಂದ್ರೆ..." ಚಿಕ್ಕವಳು ತಡೆದಳು. "ಒಂದಿದೆ. ಆದ್ರೆ ನೀವು ಬೇಜಾರು ಮಾಡ್ಕೋಬಾರದು."

"ನನಗ್ಯಾಕೆ ಬೇಜಾರು? ಹೇಳು."

"ಆ ಗುಲಾಬಿ ಬೆಡ್‌ಶೀಟು, ಅಕ್ಕ. ಸೋಪಿನ ಪುಡಿಯಿಂದ ಆಗಿದ್ದಲ್ಲ. ಬಿಳಿ ಬಟ್ಟೆ ಜೊತೆ ಒಂದು ಕೆಂಪು ಮೇಜುಬಟ್ಟೆ ಸೇರಿಸಿ ಹಾಕಿಬಿಟ್ಟಿದ್ದೆ. ಹೊಸಬಳು, ನೋಡ್ಕೊಳ್ಳಲಿಲ್ಲ. ಅತ್ತೆ ಬೈತಾರೆ ಅಂತ ಇವರು ಪುಡಿ ಮೇಲೆ ಹಾಕಿದ್ರು."

"ಸರಿ. ಆಮೇಲೆ ನಾನು ಬರೆದೆನಲ್ಲ, ಅವರು ಒಪ್ಪಿಕೊಂಡರು."

ಚಿಕ್ಕವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. "ಅವರು ಒಪ್ಪಿರಲಿಲ್ಲ ಅಕ್ಕ. ನನಗೆ ಮನಸ್ಸು ತಡೀಲಿಲ್ಲ, ಮಾರನೇ ದಿನ ನಾನೇ ಹೋದೆ. ಮ್ಯಾನೇಜರು ನಿಮ್ಮ ಇಮೇಲ್ ತೋರಿಸಿ, 'ಇಷ್ಟು ಚಂದ ಬರೆದಿದ್ದಾರೆ, ಆದ್ರೆ ಯಾವ ಸೋಪಿಗೆ ಕೆಂಪು ಬಣ್ಣ ಇರುತ್ತಮ್ಮ?' ಅಂತ ನಕ್ಕರು. ನಾನೇ ಮಾಡಿದ್ದು ಅಂತ ಹೇಳ್ದೆ. ನಿಮ್ಮಲ್ಲಿ ಮೂಟೆ ಕಟ್ಟೋವಾಗ್ಲೇ ಬಣ್ಣದ್ದು, ಬಿಳಿದು ಬೆರೆಯುತ್ತೆ, ಒಂದು ವಾರ ನಾನೇ ಬಂದು ಬೇರೆ ಮಾಡಿ ಕಟ್ಟಿಸ್ತೀನಿ, ಆಮೇಲೂ ಬೇಡ ಅಂದ್ರೆ ಬಿಡಿ ಅಂದೆ. ಆ ವಾರ ತವರಿಗೆ ಹೋಗ್ತೀನಿ ಅಂತ ಹೋಗಿದ್ದು ಅಲ್ಲಿಗೇ. ಈಗ ನೀಲಿ ಚೀಲ, ಬಿಳಿ ಚೀಲ ಬರುತ್ತಲ್ಲ, ಅದು ಆಗ ಶುರುವಾಗಿದ್ದು."

ಆ ಮನೆಯಲ್ಲಿ ತನ್ನದೆಂದು ದೊಡ್ಡವಳಿಗಿದ್ದ ಹೆಮ್ಮೆ ಅದೊಂದೇ. ಅದೂ ಇವಳದ್ದೇ!

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಅತ್ತೆ ಎಲ್ಲರ ಮುಂದೆ ನಿಮ್ಮನ್ನ ಹೊಗಳ್ತಿದ್ರು. ನಿಮಗೂ ಎಷ್ಟು ಖುಷಿಯಾಗಿತ್ತು. ಹೇಗೆ ಹೇಳಲಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಹಂಗಿಸಿದ್ದರೂ ತಡೆದುಕೊಳ್ಳುತ್ತಿದ್ದಳು. ಚಿಕ್ಕವಳು ತನ್ನ ಮೇಲೆ ಎರಡು ವರ್ಷ ಕನಿಕರಪಟ್ಟಿದ್ದಾಳೆ ಎಂಬುದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಇದಕ್ಕಿಂತ ಗಟ್ಟಿಯಾದ ಪ್ರಬಂಧ ಇರಲು ಸಾಧ್ಯವಿಲ್ಲವೆಂದು ದೊಡ್ಡವಳಿಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ತಪ್ಪಿತ್ತು, ಒಪ್ಪಿಗೆಯಿತ್ತು, ದುಡಿಮೆಯಿತ್ತು, ಇವತ್ತಿಗೂ ಕಣ್ಣಿಗೆ ಕಾಣುವ ಫಲವಿತ್ತು. ಅವಳು ಲೇಖನಿಯ ಮುಚ್ಚಳ ಹಾಕಿದಳು.

"ಇದು ಬೇಡ," ಎಂದಳು. "ಸೀಟು ಕೇಳೋಕೆ ಹೋಗಿ ಯಾರಾದ್ರೂ ತಮ್ಮ ತಪ್ಪನ್ನ ಹೇಳ್ಕೋತಾರಾ? ಪಾಳಿ ವಿಷಯ ಬರಿ, ಸಾಕು."

"ನೀವು ಹೇಳಿದ ಹಾಗೇ ಅಕ್ಕ," ಎಂದಳು ಚಿಕ್ಕವಳು. ಒಂದಿಷ್ಟೂ ಅನುಮಾನವಿಲ್ಲದ ಆ ದನಿಗೆ ದೊಡ್ಡವಳಿಗೆ ಇನ್ನಷ್ಟು ಸಿಟ್ಟು ಬಂತು.

ಪಾಳಿಯ ಪ್ರಬಂಧದಲ್ಲಿ ಅವಳು ಮೋಸ ಮಾಡಲಿಲ್ಲ. ತನ್ನ ಹೆಸರಿನ ಭಯವಿತ್ತಲ್ಲ! ಶಿಖರ, ಛಲ, ರಕ್ತ ಎಲ್ಲವನ್ನೂ ಕಿತ್ತೆಸೆದಳು. ಚಿಕ್ಕವಳು ಮಾತಾಡಿದ ಹಾಗೇ ಬರೆಸಿದಳು, ಜಗಳಕ್ಕೆ ನಿಂತ ಹೆಂಗಸಿನ ಬೈಗುಳವೊಂದನ್ನೂ ಉಳಿಸಿದಳು. ಕಾಗುಣಿತ ಮಾತ್ರ ತಾನು ತಿದ್ದಿದಳು. ಕಳಿಸಿದ ಮೇಲೆ ಇಂಟರ್‌ವ್ಯೂಗೆ ಕರೆ ಬಂತು. ಮನೆಯೆಲ್ಲ ದೊಡ್ಡವಳನ್ನೇ ಹೊಗಳಿತು. ಆ ಹೊಗಳಿಕೆ ಅವಳಿಗೆ ಈ ಸಲ ರುಚಿಸಲಿಲ್ಲ.

ಇಂಟರ್‌ವ್ಯೂ ದಿನ ಚಿಕ್ಕವಳು ಹಿಂದಿರುಗಿದಾಗ ಎಲ್ಲರೂ ಮೇಲೆ ಕಾಯುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಅವಳ ಬಾಯಿ ತೆರೆದಿತ್ತು. "ಪಾಳಿ ಬಗ್ಗೆ ಕೇಳಿದ್ರು, ಹೇಳ್ದೆ. ಆಮೇಲೆ ಒಬ್ಬರು ಹೆಂಗಸು, 'ಇದೆಲ್ಲ ಸರಿಹೋಗಿದ್ದು. ದೊಡ್ಡ ತಪ್ಪು ಮಾಡಿದ್ದು ಏನಾದ್ರೂ ಇದ್ಯಾ?' ಅಂದ್ರು. ನನಗೆ ಬೇರೇನೂ ತೋಚಲೇ ಇಲ್ಲ. ಗುಲಾಬಿ ಬೆಡ್‌ಶೀಟಿನ ಕಥೆ ಹೇಳಿಬಿಟ್ಟೆ! ಅದನ್ನೇ ಕೆದಕಿ ಕೆದಕಿ ಕೇಳಿದ್ರು, ಮೂವರೂ ನಕ್ಕರು..."

ಅಲ್ಲಿಗೆ ಅವಳಿಗೆ ಎಚ್ಚರವಾಯಿತು. ನಾಲಿಗೆ ಕಚ್ಚಿಕೊಂಡಳು.

"ಯಾವ ಕಥೆ?" ಎಂದರು ಅತ್ತೆ. "ಅದು ಸೋಪಿನ ಪುಡಿ ತಾನೇ?"

ಮೈದುನ ಸೂರು ನೋಡಿದ. ಚಿಕ್ಕವಳು ಒಮ್ಮೆ ದೊಡ್ಡವಳ ಮುಖ ನೋಡಿ, "ಹೌದು ಅತ್ತೆ, ಪುಡಿನೇ. ಅಕ್ಕನ ಇಮೇಲ್‌ನಿಂದ ಎಲ್ಲ ಸರಿಹೋಯ್ತು ಅಂತ ಹೇಳ್ದೆ," ಎಂದಳು.

ದೊಡ್ಡವಳು ಸುಮ್ಮನಿರಬಹುದಿತ್ತು. ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಟ್ಟೆಯೊಳಗಿನ ಕೆಂಡ ಈಗ ಹೊಸ ದಿಕ್ಕಿನಲ್ಲಿ ಉರಿಯಿತು. ಕೆಲಸದಲ್ಲಿ ಇವಳೇ ಗೆದ್ದಳು, ಪರೀಕ್ಷೆಯಲ್ಲಿ ಇವಳೇ ಗೆದ್ದಳು, ಈಗ ದೊಡ್ಡ ಮನಸ್ಸಿನಲ್ಲೂ ಇವಳೇ ಗೆಲ್ಲಬೇಕೇ?

"ಸುಳ್ಳು," ಎಂದಳು ದೊಡ್ಡವಳು, ಅಗತ್ಯಕ್ಕಿಂತ ಜೋರಾಗಿ. "ನನ್ನ ಇಮೇಲ್ ಓದಿ ಅವರು ನಕ್ಕರಂತೆ. ಹೋಟೆಲ್ ಉಳಿಸಿದ್ದು ಇವಳು. ತಪ್ಪು ಒಪ್ಪಿಕೊಂಡು, ವಾರವಿಡೀ ಅಲ್ಲಿ ನಿಂತು ಮೂಟೆ ಕಟ್ಟಿಸಿ ಬಂದಿದ್ದಾಳೆ. ಅದನ್ನ ಪ್ರಬಂಧದಲ್ಲಿ ಬರೀಬೇಡ ಅಂದೋಳೂ ನಾನೇ. ಅದನ್ನೇ ಬರೀಬೇಕಾಗಿತ್ತು. ನನಗದು ಗೊತ್ತಿತ್ತು."

ಗಂಡ ಅವಳನ್ನು ಹೊಸಬಳನ್ನು ನೋಡಿದ ಹಾಗೆ ನೋಡಿದ. ಅತ್ತೆ ನಿಧಾನವಾಗಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ದೊಡ್ಡವಳು ಬೈಗುಳಕ್ಕೆ ಕಾದಳು.

ಅತ್ತೆ ತಿರುಗಿದ್ದು ಚಿಕ್ಕವಳ ಕಡೆ. "ಅಂದ್ರೆ ಅಷ್ಟೂ ಬೆಡ್‌ಶೀಟು ಹಾಳು ಮಾಡಿದ್ದು ನೀನಾ? ಪಾಪ, ಸೋಪಿನ ಪುಡಿಯವನಿಗೆ ನಾನು ಬಾಯಿಗೆ ಬಂದ ಹಾಗೆ ಬೈದು, ಬಾಗಿಲಿಂದ ಆಚೆ ಕಳಿಸಿದ್ದೆನಲ್ಲೇ! ಅವನ ಮುಖ ಹೇಗೆ ನೋಡಲಿ ನಾನು?"

ಮೈದುನನಿಗೆ ನಗು ತಡೆಯಲಾಗಲಿಲ್ಲ. "ನೀನೂ ನಗು, ಕಳ್ಳ, ಪುಡಿ ಕಥೆ ಕಟ್ಟಿದೋನೇ ನೀನು," ಎಂದು ಅತ್ತೆ ಅವನ ಬೆನ್ನಿಗೊಂದು ಗುದ್ದಿದರು. ಚಿಕ್ಕವಳು ಬೈಸಿಕೊಳ್ಳುತ್ತ ತಲೆ ತಗ್ಗಿಸಿ ನಿಂತಿದ್ದನ್ನು ನೋಡಿದಾಗ ದೊಡ್ಡವಳಿಗೆ ಒಂದು ಚೂರು ಸಂತೋಷವಾದದ್ದು ಸುಳ್ಳಲ್ಲ. ಆಮೇಲೆ ಆ ಸಂತೋಷಕ್ಕೇ ನಾಚಿಕೆಯಾಯಿತು.

ಪಾತ್ರೆ ಎತ್ತಿಡುವಾಗ ಅಡುಗೆಮನೆಯಲ್ಲಿ ಇಬ್ಬರೇ ಉಳಿದರು.

"ಬೇಕಂತಲೇ ಬೇಡ ಅಂದ್ರಾ, ಅಕ್ಕ?" ಎಂದು ಚಿಕ್ಕವಳು ಮೆಲ್ಲಗೆ ಕೇಳಿದಳು.

"ಹೂಂ."

"ಯಾಕೆ?"

"ಹೊಟ್ಟೆಕಿಚ್ಚು ಕಣೇ. ಇನ್ಯಾಕೆ?"

ಚಿಕ್ಕವಳು ಬಹಳ ಹೊತ್ತು ಒಂದೇ ತಟ್ಟೆ ಒರೆಸಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ. "ನಾನು ನಿಮ್ಮನ್ನ ಪೂರ್ತಿ ನಂಬಿದ್ದೆ," ಎಂದಷ್ಟೇ ಹೇಳಿ, ತಟ್ಟೆ ಇಟ್ಟು ಹೋದಳು. ಮುಂದಿನ ಕೆಲವು ದಿನ "ಅಕ್ಕ" ಎನ್ನುವುದು ಕೆಲಸಕ್ಕೆ ಬೇಕಾದಷ್ಟೇ ಕೇಳಿಸಿತು. ಆ ಕರೆಗೆ ತಾನು ಎಷ್ಟು ಒಗ್ಗಿಹೋಗಿದ್ದೆ ಎಂದು ದೊಡ್ಡವಳಿಗೆ ಆಗ ತಿಳಿಯಿತು.

ಸೀಟು ಸಿಕ್ಕಿತು. ತರಗತಿ ಶುರುವಾಗುವ ಹೊತ್ತಿಗೆ ಸಂಜೆಯ ಇಸ್ತ್ರಿಗೆ ನಿಲ್ಲುವವರು ಯಾರೆಂಬ ಮಾತು ಬಂದಾಗ, ಯಾರೂ ಕೇಳುವ ಮೊದಲೇ ದೊಡ್ಡವಳು, "ನಾನು ನಿಲ್ತೀನಿ," ಎಂದಳು. ಹಬೆಗೆ ಮುಖ ಕೆಂಪಾಯಿತು, ಮೊದಲ ದಿನವೇ ಬೆರಳು ಸುಟ್ಟುಕೊಂಡಳು. ಇಸ್ತ್ರಿಯ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕು, ಬೆಡ್‌ಶೀಟಿನ ಅಂಚು ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟರು.

ಚಿಕ್ಕವಳು ಮೊದಲ ತರಗತಿ ಮುಗಿಸಿ ಬಂದಾಗ ಅವಳ ಕಣ್ಣುಗಳು ದೀಪದಂತೆ ಹೊಳೆಯುತ್ತಿದ್ದವು. ಊಟಕ್ಕೆ ಕೂತು ಮೇಷ್ಟ್ರು ಏನಂದರು, ಪಕ್ಕದಲ್ಲಿ ಕೂತ ಬ್ಯಾಂಕಿನವನು ಏನು ಕೇಳಿದ, ನಷ್ಟದಲ್ಲಿದ್ದ ಚಪ್ಪಲಿ ಕಂಪನಿಯೊಂದರ ಕಥೆ ಹೇಳಿ ಎಲ್ಲರನ್ನೂ ಹೇಗೆ ತಬ್ಬಿಬ್ಬು ಮಾಡಿದರು ಎಂದು ಗಂಡನಿಗೆ ಹೇಳುತ್ತಿದ್ದಳು. ಎದುರಿಗೆ ಕೂತ ದೊಡ್ಡವಳಿಗೆ ಒಂದೊಂದು ಮಾತೂ ಚುಚ್ಚುತ್ತಿತ್ತು. ಎದ್ದುಹೋಗೋಣವೆನಿಸಿತು, ಆದರೆ ಏಳಲಾಗಲಿಲ್ಲ. ಅಷ್ಟರಲ್ಲಿ ಮೈದುನ ಮಧ್ಯೆ ಬಾಯಿಹಾಕಿ ಗಾಡಿಯ ಟೈರಿನ ಸುದ್ದಿ ತೆಗೆದ.

"ಸ್ವಲ್ಪ ಸುಮ್ಮನಿರಪ್ಪ," ಎಂದಳು ದೊಡ್ಡವಳು. ಆಮೇಲೆ ತಟ್ಟೆಯಿಂದ ತಲೆಯೆತ್ತದೆ ಕೇಳಿದಳು. "ಹೂಂ, ಆ ಚಪ್ಪಲಿ ಕಂಪನಿಯವರು ಆಮೇಲೆ ಏನು ಮಾಡಿದ್ರಂತೆ?"

ಚಿಕ್ಕವಳು ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ತನ್ನ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡು, ಕಥೆಯನ್ನು ಮೊದಲಿನಿಂದ ಶುರುಮಾಡಿದಳು.