ಎರಡನೇ ಮಹಡಿಯವರೆಗೆ

ಲಕ್ವ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋದರೂ ಕಂಡಕ್ಟರಮ್ಮನ ಗಂಟಲು ಮಾತ್ರ ಬಿದ್ದಿರಲಿಲ್ಲ. ಆಯುಷ್ಯವೆಲ್ಲ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ಕೂಗಿದ ಗಂಟಲದು. ಆರನೇ ಮಹಡಿಯ ಮಂಚದ ಮೇಲೆ ಕೂತು ಒಮ್ಮೆ ಕೂಗಿದರೆ ಕೆಳಗೆ ಬೀದಿಯಲ್ಲಿ ತರಕಾರಿ ಗಾಡಿಯವನು ತಲೆಯೆತ್ತಿ ನೋಡುತ್ತಿದ್ದ. ಮಗಳು ನಾಚಿಕೆಯಿಂದ ಓಡಿ ಬಂದು ಕಿಟಕಿ ಮುಚ್ಚುತ್ತಿದ್ದಳು.

ಮನೆ ಕಂಡಕ್ಟರಮ್ಮನದೇ. ನಿವೃತ್ತಿಯಾದಾಗ ಬಂದದ್ದನ್ನೆಲ್ಲ ಸುರಿದು ಕೊಂಡದ್ದು. "ಜೀವಮಾನವೆಲ್ಲ ನಿಂತು ದುಡಿದಿದೀನಿ, ಇನ್ನು ನನ್ನ ಮನೇಲಿ ನಾನು ಕೂತ್ಕೋತೀನಿ" ಎಂದು ಒಳಗೆ ಬಂದ ಮೊದಲ ದಿನ ಹೇಳಿದ್ದಳು. ಆಮೇಲೆ ನಿಜವಾಗಿಯೂ ಕೂತುಬಿಟ್ಟಳು. ಮಗಳ ಗಂಡ ಬೇರೊಂದು ಊರಿನಲ್ಲಿ ಬೇರೊಂದು ಸಂಸಾರ ಹೂಡಿದ ವರ್ಷ ಮಗಳು ತನ್ನ ಕೂಸು ಪುಟ್ಟಿಯನ್ನು ಕಂಕುಳಲ್ಲಿ ಎತ್ತಿಕೊಂಡು ಇಲ್ಲಿಗೇ ಬಂದಳು. ಹಗಲೆಲ್ಲ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹೊಡೆಯುವುದು, ಬಂದ ಮೇಲೆ ಅಡುಗೆ, ಅಮ್ಮನ ಸ್ನಾನ, ಪುಟ್ಟಿಯ ಪಾಠ. ಊರ ಹೊರಗೆ ಟೈರ್ ಅಂಗಡಿ ಇಟ್ಟುಕೊಂಡಿದ್ದ ಅವಳ ತಮ್ಮ ಬಂದಾಗಲೆಲ್ಲ ಕರೆಯುತ್ತಿದ್ದ. "ನೆಲದ ಮೇಲಿರೋ ಮನೆ ಅಮ್ಮ, ಮೆಟ್ಟಿಲೇ ಇಲ್ಲ. ಅಕ್ಕಂಗೂ ಸ್ವಲ್ಪ ಉಸಿರಾಡೋಕಾಗುತ್ತೆ, ಬಾ."

"ಇಲ್ಲಿಂದ ನನ್ನನ್ನ ಇಳಿಸೋದು ಒಂದೇ ಸಲ ಕಣಪ್ಪ," ಎನ್ನುತ್ತಿದ್ದಳು ಕಂಡಕ್ಟರಮ್ಮ. "ಅದೂ ನಾಲ್ಕು ಜನ ಹೊತ್ಕೊಂಡು."

ಅವನು ಮುಖ ಸಿಂಡರಿಸಿಕೊಂಡು ಹೋಗುತ್ತಿದ್ದ. ಅಮ್ಮ ಗೆದ್ದವಳಂತೆ ಮಗಳ ಕಡೆ ನೋಡಿ ಎಡಗಣ್ಣು ಹೊಡೆಯುತ್ತಿದ್ದಳು.

ಬೆಂಕಿ ಬಿದ್ದದ್ದು ಒಂದು ರಜೆಯ ಬೆಳಗ್ಗೆ. ಮಗಳು ಪುಟ್ಟಿಯ ತಲೆ ಬಾಚುತ್ತಿದ್ದಳು. ಮೊದಲು ಫ್ಯಾನು ನಿಂತಿತು. ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಯಾರೋ ಕಸಕ್ಕೆ ಬೆಂಕಿ ಹಚ್ಚಿರಬೇಕು ಅಂದುಕೊಳ್ಳುವಷ್ಟರಲ್ಲಿ ಬಾಗಿಲು ದಬದಬ ಬಡಿಯಿತು. ಎದುರು ಮನೆಯ ಪೇಂಟರನ ಹೆಂಡತಿ, ಕಾಲಲ್ಲಿ ಚಪ್ಪಲಿಯೂ ಇಲ್ಲ.

"ಕೆಳಗೆ ಕರೆಂಟ್ ಬೋರ್ಡಿಗೆ ಬೆಂಕಿ ಹತ್ತಿದೆ ಕಣೇ! ಲಿಫ್ಟ್ ನಿಂತೋಗಿದೆ, ಲಿಫ್ಟಿನ ಬಾವಿಯಿಂದ ಹೊಗೆ ಬರ್ತಿದೆ. ಹೊರಡು, ಹೊರಡು!"

ಮಗಳು ಪುಟ್ಟಿಯನ್ನು ಅವಳ ಕೈಗೆ ದಾಟಿಸಿದಳು, ಅರ್ಧ ಬಾಚಿದ ತಲೆಯ ಸಮೇತ. "ಇವಳನ್ನ ಕರ್ಕೊಂಡೋಗಿ. ಕೈ ಬಿಡಬೇಡಿ."

"ನೀನು?"

"ನಿಮ್ಮೋರನ್ನ ಕಳಿಸಿ. ಅಮ್ಮನ್ನ ಎತ್ಬೇಕು."

ಪುಟ್ಟಿಯ ಅಳು ಮೆಟ್ಟಿಲ ಸುತ್ತಿನಲ್ಲಿ ಇಳಿಯುತ್ತ ಇಳಿಯುತ್ತ ಬೇರೆಯವರ ಹೆಜ್ಜೆಗಳ ಸದ್ದಿನೊಳಗೆ ಕರಗಿಹೋಯಿತು. ಮಗಳು ಅಮ್ಮನ ಕಂಕುಳಿಗೆ ಕೈ ಹಾಕಿ ಮಂಚದಿಂದ ಎಬ್ಬಿಸಿದಳು. ದಿನವೂ ಬಚ್ಚಲಿಗೆ ಕರೆದೊಯ್ಯುವ ಭಾರವೇ ಅದು, ಆದರೆ ಅವತ್ತು ಎರಡರಷ್ಟಾಗಿತ್ತು. ಎಳೆದುಕೊಂಡು ಬಾಗಿಲವರೆಗೆ ಬರುವಷ್ಟರಲ್ಲಿ ಅವಳದೇ ಕಾಲು ಸೋತು ಇಬ್ಬರೂ ಹೊಸ್ತಿಲಲ್ಲಿ ಕುಸಿದರು. ಹೊರಗೆ ಕಾರಿಡಾರಿನ ಚಾವಣಿಯಡಿ ಹೊಗೆ ಬೂದು ಬಟ್ಟೆ ಹರವಿದ ಹಾಗೆ ಹರಡುತ್ತಿತ್ತು.

"ನೀನು ಹೋಗೇ," ಎಂದಳು ಕಂಡಕ್ಟರಮ್ಮ.

"ಬಾಯ್ಮುಚ್ಕೊಂಡಿರು ಅಮ್ಮ."

"ನಾನು ಬಾಗಿಲು ಹಾಕ್ಕೊಂಡು ಒಳಗಿರ್ತೀನಿ. ಸಂದಿಗೆ ಒದ್ದೆ ಬಟ್ಟೆ ತುರುಕು, ಸಾಕು. ಬೆಂಕಿಯೋರು ಬರ್ತಾರೆ. ಹೋಗು ಅಂದ್ನಲ್ಲ!" ಬಸ್ಸಿನಲ್ಲಿ ಫುಟ್‌ಬೋರ್ಡಿನ ಮೇಲೆ ನೇತಾಡುವವರನ್ನು ಗದರುವ ದನಿ. "ನಿನ್ನ ಮಗಳು ಕೆಳಗಿದಾಳೆ. ಅವಳಿಗೆ ಅಮ್ಮ ಬೇಡ್ವೇನೇ?"

"ನಂಗೆ ಬೇಡ್ವಾ?"

ಮಗಳು ಅಮ್ಮನ ಬೆನ್ನ ಹಿಂದೆ ಕೂತು, ಎರಡೂ ಕೈಯಿಂದ ಬಳಸಿ ಹಿಡಿದು, ಅವಳ ಮುಖಕ್ಕೆ ತನ್ನ ದುಪಟ್ಟಾ ಒತ್ತಿದಳು. ಕೆಮ್ಮು ಇಬ್ಬರಿಗೂ ಒಟ್ಟೊಟ್ಟಿಗೇ ಬರುತ್ತಿತ್ತು. ಅಮ್ಮನ ಎಡಗೈ ಹಿಂದೆ ತಡಕಾಡಿ ಮಗಳ ಮಣಿಕಟ್ಟನ್ನು ಹುಡುಕಿ ಹಿಡಿಯಿತು. ಆಮೇಲೆ ಬಿಡಿಸಿಕೊಳ್ಳಲು ನೋಡಿತು. ಮಗಳು ಬಿಡಲಿಲ್ಲ.

ಕೊನೆಗೆ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಎಲ್ಲರೂ ಇಳಿಯುವಾಗ ಮೂವರು ಹತ್ತಿ ಬರುತ್ತಿದ್ದರು. ಮುಂದೆ ಪೇಂಟರ್, ಹಿಂದೆ ನಾಲ್ಕನೇ ಮಹಡಿಯ ಬಡಗಿ, ಅವನ ಹಿಂದೆ ಏದುಸಿರು ಬಿಡುತ್ತ ಲೆಕ್ಕದ ಮೇಷ್ಟ್ರು. ಮೂವರ ಮೂಗಿಗೂ ಒದ್ದೆ ಟವೆಲ್ಲು.

ಬಡಗಿ ಮನೆಯೊಳಗೆ ಕಣ್ಣು ಹಾಯಿಸಿ ಪ್ಲಾಸ್ಟಿಕ್ ಕುರ್ಚಿಯನ್ನು ಕಾಲಲ್ಲೇ ಅತ್ತ ತಳ್ಳಿದ. "ಇದು ಬೇಡ, ಕಾಲು ಮಡಚ್ಕೊಳುತ್ತೆ." ಕೈ ಇರುವ ಮರದ ಕುರ್ಚಿಯನ್ನು ಎಳೆದು ತಂದು ಅಲ್ಲಾಡಿಸಿ ನೋಡಿದ. ಅಮ್ಮನನ್ನು ಕೂರಿಸಿದರು. ಎದೆಯ ಹತ್ತಿರ ಒಂದು ಹೊದಿಕೆ, ತೊಡೆಯ ಮೇಲೊಂದು ಹೊದಿಕೆ ಸುತ್ತಿ ಬಿಗಿದರು. ಬಡಗಿ ಹಿಂದೆ ನಿಂತು ಕುರ್ಚಿಯ ಬೆನ್ನು ಹಿಡಿದ. ಪೇಂಟರ್ ಮುಂದೆ ನಿಂತು, ಅವಳಿಗೆ ಮುಖ ಕೊಟ್ಟು, ಕುರ್ಚಿಯ ಮುಂಗಾಲು ಎರಡನ್ನೂ ಹಿಡಿದ. ಅವನು ಹಿಮ್ಮುಖವಾಗಿ ಇಳಿಯಬೇಕು. ಮೇಷ್ಟ್ರು ಒಂದು ಪಕ್ಕ, ಮಗಳು ಇನ್ನೊಂದು ಪಕ್ಕ.

"ಗೋಡೆ ಕಡೆನೇ ಇರಿ, ಇಳಿಯೋರಿಗೆ ದಾರಿ ಬಿಡಿ," ಎಂದರು ಮೇಷ್ಟ್ರು. "ಎಲ್ಲರೂ ಒಟ್ಟಿಗೇ ಹೆಜ್ಜೆ ಇಡಬೇಕು. ಯಾರಾದ್ರೂ ಒಬ್ರು ಹೇಳ್ತಾ ಹೋಗಿ."

"ನಾನಿಲ್ವೇನ್ರೀ ಮೇಷ್ಟ್ರೇ?" ಎಂದಿತು ಕುರ್ಚಿ. "ರೈಟ್!"

ಇಳಿದರು. ಅವಳು ರೈಟ್ ಅಂದರೆ ಒಂದು ಮೆಟ್ಟಿಲು, ಹೋಲ್ಡಾನ್ ಅಂದರೆ ನಿಲುಗಡೆ. ಮೆಟ್ಟಿಲು ತಿರುಗುವ ಜಾಗ ಬಂದಾಗ ಕುರ್ಚಿಯನ್ನು ನೆಲಕ್ಕೆ ತಾಗಿಸಿ ಕೈ ಬದಲಿಸಿದರು. ಕಣ್ಣು ಉರಿಯುತ್ತಿತ್ತು, ಪೇಂಟರನ ಕತ್ತಿನ ನರ ಹಗ್ಗದ ಹಾಗೆ ಉಬ್ಬಿತ್ತು. "ನಾಲ್ಕು ಜನ ಹೊರ್ತಾರೆ ಅಂತಿದ್ದೆ," ಎಂದಳು ಕಂಡಕ್ಟರಮ್ಮ ಕೆಮ್ಮಿನ ನಡುವೆ. "ಬದುಕಿದ್ದಾಗಲೇ ಅಂತ ಗೊತ್ತಿರ್ಲಿಲ್ಲ ಕಣ್ರಪ್ಪ." ಬಡಗಿಗೆ ನಗು ಬಂದು ಹಿಡಿತ ಜಾರುವ ಹಾಗಾಯಿತು. "ಅಮ್ಮಾ, ನಗಿಸ್ಬೇಡ್ರಿ, ಬಿದ್ದೋಗ್ತೀವಿ!"

ಕೆಳಗೆ ಬಂದಾಗ ಅಂಗಳದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಪುಟ್ಟಿ ಓಡಿ ಬಂದು ಅಜ್ಜಿಯ ತೊಡೆಗೆ ಬಿದ್ದಳು. ಯಾರೋ ನೀರು ಕೊಟ್ಟರು, ಯಾರೋ ಫೋಟೊ ತೆಗೆದರು. "ಹೀಗಿರ್ಬೇಕು ನೆರೆಹೊರೆ ಅಂದ್ರೆ" ಎಂದರು ಪಕ್ಕದ ಕಟ್ಟಡದವರು. ಕಂಡಕ್ಟರಮ್ಮ ಕುರ್ಚಿಯಲ್ಲಿ ಕೂತೇ ಎಲ್ಲರನ್ನೂ ಮಾತಾಡಿಸಿದಳು. ಹೆಸರು ಗೊತ್ತಿಲ್ಲದವರನ್ನೂ ಮಹಡಿಯಿಂದಲೇ ಗುರುತಿಸಿದಳು: "ಓ ಮೂರನೇ ಮಹಡಿ, ನಿನ್ನ ಸೊಸೆ ಎಲ್ಲಿ? ಬಂದ್ಳಾ?" ಅಗ್ನಿಶಾಮಕದವರು ಬಂದು, ಬೆಂಕಿ ಆರಿಸಿ, ಕಟ್ಟಡವನ್ನೆಲ್ಲ ಸುತ್ತಿ ನೋಡಿ ಬಂದರು.

"ಮನೆಗಳಿಗೆ ಏನೂ ಆಗಿಲ್ಲ, ಸಂಜೆ ಹೊತ್ತಿಗೆ ಮೇಲೆ ಹೋಗ್ಬಹುದು," ಎಂದ ಅವರ ಮುಖ್ಯಸ್ಥ. "ಲಿಫ್ಟ್ ಮಾತ್ರ ಸುಟ್ಟೋಗಿದೆ. ಅದಕ್ಕೆ ತಿಂಗಳುಗಟ್ಟಲೆ ಬೇಕು."

ಸಂಜೆಯಾಯಿತು. ಜನ ಒಬ್ಬೊಬ್ಬರಾಗಿ ಎದ್ದರು. ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರೂ ಕುರ್ಚಿಯ ಹತ್ತಿರ ಬಂದೇ ಹೋದರು. "ಮಗು ಹಸಿದಿದೆ ಅಮ್ಮ, ಒಂದು ಕುಕ್ಕರ್ ಇಟ್ಟು ಬಂದ್ಬಿಡ್ತೀನಿ." "ಅಪ್ಪಂಗೆ ಮಾತ್ರೆ ಕೊಟ್ಟು ಬರ್ತೀನಿ." "ಐದೇ ನಿಮಿಷ." ಬೆಳಗ್ಗೆ ಹೆಜ್ಜೆ ಇಡಲು ಜಾಗವಿಲ್ಲದಿದ್ದ ಅಂಗಳ ಬರಿದಾಯಿತು. ಮೇಲೆ ಒಂದೊಂದೇ ಕಿಟಕಿಯಲ್ಲಿ ಮೇಣದಬತ್ತಿ ಹೊತ್ತಿತು. ಕಂಡಕ್ಟರಮ್ಮ ತಲೆಯೆತ್ತಿ ನೋಡುತ್ತಲೇ ಇದ್ದಳು. ಇಳಿಸುವಾಗ ಎಲ್ಲರಿಗೂ ಅವಸರವಿತ್ತು. ಹತ್ತಿಸುವುದಕ್ಕೆ ಯಾವ ಅವಸರ?

ಆದರೂ ಮೂವರೂ ಬಂದರು. ಅದೇ ಪೇಂಟರ್, ಅದೇ ಬಡಗಿ, ಅದೇ ಮೇಷ್ಟ್ರು. ಮುಖ ತೊಳೆದಿದ್ದರೂ ಕಿವಿಯ ಹಿಂದೆ ಮಸಿ ಉಳಿದಿತ್ತು.

"ನಡೀರಿ ಕಂಡಕ್ಟರಮ್ಮ, ರಿಟರ್ನ್ ಟ್ರಿಪ್ಪು," ಎಂದ ಬಡಗಿ.

"ಟಿಕೆಟ್ ಇದ್ರೆ ತಾನೇ?" ಎಂದಳು ಅವಳು. ಆದರೆ ಅವಳ ಮುಖ ಬೆಳಗಿತು. ಬೆಳಗ್ಗೆಯಿಂದ ಒಂದೇ ಕುರ್ಚಿಯಲ್ಲಿ ಕೂತು ಸೊಂಟ ಕಲ್ಲಾಗಿತ್ತು. ತನ್ನ ಮಂಚ, ತನ್ನ ದಿಂಬು, ತನ್ನ ಬಚ್ಚಲು ಸಿಗುವುದು ಆರು ಮಹಡಿ ಮೇಲೆ.

ಹತ್ತುವುದು ಬೇರೆಯೇ ಆಗಿತ್ತು. ಇಳಿಯುವಾಗ ಭಾರ ತಾನಾಗಿ ಕೆಳಗೆ ಹೋಗುತ್ತಿತ್ತು, ತಡೆದು ಹಿಡಿದರೆ ಸಾಕಿತ್ತು. ಈಗ ಒಂದೊಂದು ಮೆಟ್ಟಿಲನ್ನೂ ಭಾರದ ಕೈಯಿಂದ ಕಿತ್ತುಕೊಳ್ಳಬೇಕು. ಅವಳ ತೂಕವೆಲ್ಲ ಕೆಳಗಿದ್ದ ಪೇಂಟರನ ಮೇಲೆ ಬಿತ್ತು. ಮೊದಲ ಮಹಡಿಗೆ ಬರುವಾಗಲೇ ಮೇಷ್ಟ್ರು ಮೂರು ಸಲ ಕೈ ಬದಲಿಸಿದ್ದರು. ಮಗಳ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಪುಟ್ಟಿ ಮುಂದೆ ಮುಂದೆ ಹತ್ತುತ್ತ ಮೊಬೈಲಿನ ಬೆಳಕು ಹಿಡಿದಿದ್ದಳು. ಕಂಡಕ್ಟರಮ್ಮನ ರೈಟ್‌ಗಳು ಸಣ್ಣಗಾಗುತ್ತ ಬಂದವು.

ಎರಡನೇ ಮಹಡಿಗೆ ಒಂದು ಮೆಟ್ಟಿಲಿರುವಾಗ ಪೇಂಟರನ ಬೆನ್ನಿನಲ್ಲಿ ಏನೋ ಹಿಡಿದುಕೊಂಡಿತು. ಅವನು ಕೂಗಲಿಲ್ಲ, "ಹಾ" ಎಂದನಷ್ಟೆ. ಕುರ್ಚಿ ಒಂದು ಕಡೆಗೆ ವಾಲಿತು. ಮಗಳು ಗೋಡೆಗೂ ಕುರ್ಚಿಗೂ ನಡುವೆ ತನ್ನ ಮೈಯನ್ನೇ ತೂರಿಸಿದಳು, ಕುರ್ಚಿಯ ಕೈ ಅವಳ ಪಕ್ಕೆಗೆ ಒತ್ತಿತು. ಹೇಗೋ ಎಳೆದು ಮಹಡಿಯ ನೆಲಕ್ಕೆ ಮುಟ್ಟಿಸಿದರು. ಪೇಂಟರ್ ಮೆಟ್ಟಿಲ ಮೇಲೆ ಮಂಡಿಯೂರಿ ಹಾಗೇ ಉಳಿದ.

"ಒಂಚೂರು ಸುಧಾರಿಸ್ಕೊಳ್ತೀನಿ," ಎಂದ. "ಆಮೇಲೆ ಹೋಗೋಣ."

ಕಂಡಕ್ಟರಮ್ಮ ಅವನನ್ನು ನೋಡಲಿಲ್ಲ. ಗೋಡೆಗೆ ಒರಗಿ ಪಕ್ಕೆ ಹಿಡಿದುಕೊಂಡಿದ್ದ ಮಗಳನ್ನೇ ನೋಡುತ್ತಿದ್ದಳು.

"ಹೋಲ್ಡಾನ್," ಎಂದಳು. "ಸಾಕು. ನಂಗೆ ಕಾಲು ಸೆಳೀತಿದೆ, ತಡ್ಕೊಳೋಕಾಗ್ತಿಲ್ಲ. ಕೆಳಗೆ ಇಳಿಸಿ."

"ಅಮ್ಮ, ಇನ್ನು ನಾಲ್ಕೇ ಮಹಡಿ," ಎಂದಳು ಮಗಳು. "ಬೇರೆ ಯಾರನ್ನಾದ್ರೂ ಕರೀತೀನಿ."

"ಇಳಿಸಿ ಅಂದೆ. ಈ ಬಸ್ಸು ಮುಂದೆ ಹೋಗಲ್ಲ."

ಸೆಳೆತ ಬಂದಿರುವುದು ಯಾವ ಕಾಲಿಗೆ ಎಂದು ಮಗಳು ಕೇಳಲಿಲ್ಲ. ಬಲಗಾಲಿಗೆ ಸೆಳೆತವೇ ಗೊತ್ತಾಗುತ್ತಿರಲಿಲ್ಲ. ಎಡಗಾಲಿಗೆ ಸೆಳೆತ ಬಂದ ದಿನ ಕಟ್ಟಡಕ್ಕೆಲ್ಲ ಕೇಳುವ ಹಾಗೆ ಬೈಯುತ್ತಿದ್ದವಳು ಈಗ ತಣ್ಣಗೆ ಕೂತಿದ್ದಳು.

ಎರಡನೇ ಮಹಡಿಯವನೊಬ್ಬ ಹೊರಬಂದು ಪೇಂಟರನ ಜಾಗಕ್ಕೆ ಕೈ ಕೊಟ್ಟ. ಇಳಿಸಿದರು. ಆ ರಾತ್ರಿ ವಾಚ್‌ಮನ್ ತನ್ನ ಕೋಣೆ ಬಿಟ್ಟುಕೊಟ್ಟ. ಮರುದಿನ ಮಧ್ಯಾಹ್ನ ಮಗಳ ತಮ್ಮ ಟೈರ್ ಸಾಗಿಸುವ ಗಾಡಿ ತೊಳೆದು, ಹಿಂದೆ ಹಾಸಿಗೆ ಹಾಸಿಕೊಂಡು ಬಂದ.

"ಲಿಫ್ಟ್ ಆಗೋವರೆಗೆ ತಾನೆ," ಎಂದಳು ಮಗಳು, ಅಮ್ಮನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತ. "ಆಮೇಲೆ ನಾನೇ ಬಂದು ಕರ್ಕೊಂಡು ಬರ್ತೀನಿ."

ಕಂಡಕ್ಟರಮ್ಮ ಮಗನನ್ನು ಟೀ ತರಲು ಕಳಿಸಿದಳು. ಅವನು ಗೇಟು ದಾಟುವವರೆಗೆ ಕಾದಳು.

"ಲಿಫ್ಟ್ ಆದ್ರೂ ನಾನು ಬರಲ್ಲ ಕಣೇ."

"ಏನು ಮಾತು ಅಂತ ಆಡ್ತೀಯ? ಅದು ನಿನ್ನ ಮನೆ."

"ಹೌದು, ನನ್ನ ಮನೇನೇ. ಅಲ್ಲಿ ಸಾಯ್ಬೇಕು ಅಂತಲೇ ಇದ್ದೆ, ಈಗಲೂ ಆಸೆ ಇದೆ." ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ಹೊಸಾ ಲಿಫ್ಟೇ ಹಾಕ್ಲಿ, ಬೆಂಕಿ ಬಿದ್ದ ದಿನ ಅದು ನಿಲ್ಲುತ್ತೆ. ಪೇಂಟರ್ ಆವತ್ತು ಮನೇಲಿರ್ತಾನೋ ಇಲ್ವೋ. ಇದ್ರೂ ಅವನ ಬೆನ್ನು ಇರುತ್ತೋ ಇಲ್ವೋ. ನೀನಂತೂ ಇರ್ತೀಯ. ಹೊಸ್ತಿಲಲ್ಲಿ ನನ್ನ ತಬ್ಕೊಂಡು ಕೂತಿರ್ತೀಯ."

"ಮತ್ತೇನ್ ಮಾಡ್ಬೇಕಿತ್ತು? ಬಿಟ್ಟು ಓಡ್ಬೇಕಿತ್ತಾ?"

"ಹೂಂ. ಓಡ್ಬೇಕಿತ್ತು." ಆ ಗಂಟಲು ಒಡೆದಿತ್ತು. "ನೀನು ಓಡಲ್ಲ, ಅದಕ್ಕೇ ಹೇಳ್ತಿರೋದು. ನಾನು ಮೇಲಿದ್ರೆ ನೀನು ಇಳಿಯಲ್ಲ. ಆ ಮಗು ಕೆಳಗೆ ನಿಂತು ಮೇಲೆ ನೋಡ್ತಿರುತ್ತೆ."

ಮಗಳು ಬೈದಳು, ಅತ್ತಳು, ಕೆಲಸ ಬಿಡುತ್ತೇನೆ, ಕೆಳಗಿನ ಮಹಡಿಯಲ್ಲಿ ಬಾಡಿಗೆ ಮನೆ ಹುಡುಕುತ್ತೇನೆ ಎಂದಳು. ಆ ಬೀದಿಯ ಬಾಡಿಗೆ ಎಷ್ಟೆಂದು ಇಬ್ಬರಿಗೂ ಗೊತ್ತಿತ್ತು. ಕಂಡಕ್ಟರಮ್ಮ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು, ಕೊನೆಯ ಸ್ಟಾಪಿನಲ್ಲೂ ಇಳಿಯದೆ ಜಗಳ ಕಾಯುವ ಪ್ರಯಾಣಿಕರ ಮಾತು ಕೇಳಿಸಿಕೊಳ್ಳುವ ಹಾಗೆ. ಟೀ ಬಂತು. ಅವಳು ಸ್ವಲ್ಪವೂ ಬಿಡದೆ ಕುಡಿದಳು. ಮಗ ಎತ್ತಿ ಗಾಡಿಯಲ್ಲಿ ಮಲಗಿಸುವಾಗ, "ನೋಡ್ಕೊಂಡು ಎತ್ತೋ, ನಾನೇನು ಟೈರಾ?" ಎಂದಳು. ಪುಟ್ಟಿ ಗಾಡಿಯ ಹಿಂದೆ ಬೀದಿಯ ತಿರುವಿನವರೆಗೂ ಓಡಿದಳು.

ಇಬ್ಬರೂ ಮೆಟ್ಟಿಲು ಹತ್ತಿ ಮನೆಗೆ ಬಂದರು. ಮಗಳು ಕಿಟಕಿಗಳನ್ನೆಲ್ಲ ತೆರೆದಳು, ಮಸಿ ಹಿಡಿದ ಗೋಡೆ ಒರೆಸಿದಳು, ಒಂದಿಷ್ಟು ಅನ್ನ ಮಾಡಿದಳು. ಬಾಯಿಗೆ ಸೇರಲಿಲ್ಲ. ಪುಟ್ಟಿಯನ್ನು ಪಕ್ಕಕ್ಕೆ ಎಳೆದುಕೊಂಡು ನೆಲದ ಮೇಲೆ ಅಡ್ಡಾದದ್ದಷ್ಟೇ ನೆನಪು.

ಎಚ್ಚರವಾದಾಗ ಮುಖದ ಮೇಲೆ ಬಿಸಿಲು ಬಿದ್ದಿತ್ತು. ಧಡಕ್ಕನೆ ಎದ್ದು ಕೂತಳು. ಅಮ್ಮನ ಬೆನ್ನಿಗೆ ಹುಣ್ಣಾಗದಂತೆ ರಾತ್ರಿ ಎರಡೆರಡು ಸಲ ಎದ್ದು ಮಗ್ಗುಲು ಬದಲಿಸಬೇಕು, ಲಕ್ವ ಹೊಡೆದಂದಿನಿಂದ ಒಂದು ರಾತ್ರಿಯೂ ತಪ್ಪಿಸಿದ್ದಿಲ್ಲ. ಇವತ್ತು ಹೇಗೆ ಮರೆತೆ ಎಂದು ಮಂಚದ ಕಡೆ ತಿರುಗಿದಳು. ಮಂಚ ಖಾಲಿಯಿತ್ತು.

"ಅಮ್ಮ, ನೀನು ಗೊರಕೆ ಹೊಡೀತಿದ್ದೆ," ಎಂದಳು ಪುಟ್ಟಿ ನಗುತ್ತ. "ನಾನು ಕರೆದ್ರೂ ಏಳ್ಲಿಲ್ಲ."

ಮೈಯೆಲ್ಲ ಹಗುರವಾಗಿತ್ತು. ಕಣ್ಣು ಉರಿಯುತ್ತಿರಲಿಲ್ಲ, ಸೊಂಟ ಹಿಡಿದಿರಲಿಲ್ಲ. ಎಷ್ಟೋ ವರ್ಷದ ಮೇಲೆ ಕಣ್ತುಂಬ ನಿದ್ದೆ ಮಾಡಿದ್ದಳು. ಅದು ಗೊತ್ತಾದ ಕೂಡಲೇ, ನಿನ್ನೆ ಗಾಡಿ ಹೊರಟಾಗಲೂ ಹಾಗೆ ಬಾರದಿದ್ದ ಅಳು ನುಗ್ಗಿ ಬಂತು. ಪುಟ್ಟಿ ಗಾಬರಿಯಿಂದ "ಯಾಕಮ್ಮ? ಏನಾಯ್ತು?" ಎಂದು ಕೇಳುತ್ತಲೇ ಇದ್ದಳು. ಮಗುವಿಗೆ ಏನೆಂದು ಹೇಳುವುದು? ಅವಳು ಬಾಯಿಗೆ ಹೊದಿಕೆ ತುರುಕಿಕೊಂಡು ಮಂಚದ ಕಾಲಿಗೆ ತಲೆಯೊರಗಿಸಿದಳು.